ಹಗ್ಗದ ಆಚೆ ಬದಿ

ಅವಳದು ಟೆನಿಸ್ ರಾಕೆಟ್ಟುಗಳಿಗೆ ತಂತಿ ಹೆಣೆಯುವ ಕೆಲಸ. ಗಂಡನದು ಗಾಲ್ಫ್ ಆಟಗಾರನೊಬ್ಬನ ಚೀಲ ಹೊರುವ ಕೆಲಸ, ಅಂದರೆ ಕ್ಯಾಡಿ. ಮದುವೆಯಾಗಿ ಹನ್ನೊಂದು ವರ್ಷ. ದೊಡ್ಡ ಪಂದ್ಯಾವಳಿ ಎಲ್ಲಿ ನಡೆದರೆ ಅಲ್ಲಿಗೆ ಇಬ್ಬರೂ ಓಡಬೇಕು. ಆದರೆ ಟೆನಿಸ್ಸಿನ ದಾರಿಯೇ ಬೇರೆ, ಗಾಲ್ಫಿನ ದಾರಿಯೇ ಬೇರೆ. ಇವಳು ವಿಮಾನ ಇಳಿಯುವ ಊರಿನಿಂದ ಅವನು ಹಿಂದಿನ ವಾರವಷ್ಟೇ ವಿಮಾನ ಹತ್ತಿರುತ್ತಿದ್ದ. ಮನೆಯಲ್ಲಿ ಅತ್ತೆ, ನಾದಿನಿ, ನಾದಿನಿಯ ಗಂಡ, ಮಕ್ಕಳು ಎಂದು ಕಾಲಿಡಲು ಜಾಗವಿಲ್ಲದಷ್ಟು ಜನ. "ನಿಮ್ಮಿಬ್ಬರನ್ನ ಒಟ್ಟಿಗೆ ನೋಡ್ಬೇಕು ಅಂದ್ರೆ ಮದುವೆ ಆಲ್ಬಮ್ಮೇ ತೆಗೀಬೇಕು ಕಣಮ್ಮ" ಎಂದು ಅತ್ತೆ ಫೋನಿನಲ್ಲಿ ನಗುತ್ತಿದ್ದರು. ಆ ನಗುವಿನಲ್ಲಿ ಬೈಗುಳವೂ ಸ್ವಲ್ಪ ಇರುತ್ತಿತ್ತು.

ಈ ಸಲ ಮಾತ್ರ ಅಪರೂಪಕ್ಕೆ ಎರಡೂ ಪಂದ್ಯಾವಳಿಗಳು ಅಕ್ಕಪಕ್ಕಕ್ಕೆ ಬಂದಿದ್ದವು. ಇವಳ ಟೆನಿಸ್ಸಿನ ಎರಡನೆಯ ವಾರವೇ ಅವನ ಗಾಲ್ಫಿನ ವಾರ. ನಡುವೆ ಎರಡು ಗಂಟೆಯ ರೈಲು ಪ್ರಯಾಣ. ಅವರು ಒಬ್ಬರ ಮುಖ ಒಬ್ಬರು ಎದುರಿಗೆ ನೋಡಿ ಎಪ್ಪತ್ತು ದಿನಗಳ ಮೇಲಾಗಿತ್ತು.

ಗಾಲ್ಫಿನದು ನಾಲ್ಕು ದಿನದ ಆಟ. ದಿನಕ್ಕೆ ಹದಿನೆಂಟು ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಕುಳಿಗಳು; ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಎರಡು ದಿನ ಮುಗಿದ ಮೇಲೆ ಹಿಂದೆ ಬಿದ್ದ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಕಟ್ ಎನ್ನುತ್ತಾರೆ. ಅವನ ಆಟಗಾರ ಶುಕ್ರವಾರ ಕಟ್ಟಿನಲ್ಲಿ ಹೊರಬಿದ್ದರೆ ಶನಿವಾರ, ಭಾನುವಾರ ಅವನಿಗೆ ಬಿಡುವು. ಆ ಆಟಗಾರ ಗೆದ್ದರೂ ಸೋತರೂ ಮುಖ ಗಂಟಿಕ್ಕಿಕೊಂಡೇ ಇರುವ ಆಸಾಮಿ. ಗಂಡಹೆಂಡತಿ ತಮ್ಮತಮ್ಮಲ್ಲಿ ಅವನಿಗೆ ಮುನಿಸಪ್ಪ ಎಂದು ಹೆಸರಿಟ್ಟಿದ್ದರು.

"ಮುನಿಸಪ್ಪನ ಆಟ ಹೇಗಿದೆ?" ಎಂದು ಬುಧವಾರ ಅವಳು ಕೇಳಿದಳು.

"ಹೋದ ವಾರ ಏನೂ ಚೆನ್ನಾಗಿರಲಿಲ್ಲ."

"ಈ ವಾರ?"

"ಈ ವಾರಾನೂ ಹಾಗೇ ಇರಬಹುದು."

ಅನ್ನ ಕೊಡುವವನು ಸೋಲಲಿ ಎಂದು ಕಾದು ಕೂತ ಸಂಸಾರ ತಮ್ಮದು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಅವಳ ಕೆಲಸದ ಕೋಣೆ ದೊಡ್ಡ ಅಂಕಣದ ಗ್ಯಾಲರಿಯ ಕೆಳಗಿತ್ತು. ಕಿಟಕಿಯಿಲ್ಲ. ಮೇಲೆ ಸಾವಿರಾರು ಜನ ಚಪ್ಪಾಳೆ ತಟ್ಟಿದರೆ ಕೆಳಗೆ ಮೇಜಿನ ಮೇಲಿನ ಕತ್ತರಿ ಅದುರುತ್ತಿತ್ತು. ಹತ್ತು ಯಂತ್ರ, ಹತ್ತು ಜನ. ರಾಕೆಟ್ಟನ್ನು ಯಂತ್ರಕ್ಕೆ ಕಚ್ಚಿಸಿ, ಉದ್ದ ತಂತಿಗಳನ್ನು ಎಳೆದು, ಅಡ್ಡ ತಂತಿಗಳನ್ನು ಒಂದರ ಮೇಲೆ ಒಂದರ ಕೆಳಗೆ ಹೆಣೆಯುತ್ತ ಹೋಗಬೇಕು. ಕೈ ಪಳಗಿದವರಿಗೆ ಇಪ್ಪತ್ತು ನಿಮಿಷ ಸಾಕು. ಅವಳ ತೋರುಬೆರಳಿನ ತುದಿ ಎಷ್ಟು ದಡ್ಡುಗಟ್ಟಿತ್ತೆಂದರೆ ಫೋನಿನ ಬೀಗ ಕೂಡ ಅವಳ ಬೆರಳನ್ನು ಗುರುತಿಸುತ್ತಿರಲಿಲ್ಲ.

ಶುಕ್ರವಾರ ಸಂಜೆ ಅವಳು ಫೋನನ್ನು ಯಂತ್ರದ ಬದಿಗೆ ಒರಗಿಸಿಟ್ಟುಕೊಂಡು ಹೆಣೆಯುತ್ತಿದ್ದಳು. ಮುನಿಸಪ್ಪ ಕಟ್ಟಿನ ಗೆರೆಯ ಮೇಲೇ ತೂಗುತ್ತಿದ್ದ. ಉಳಿದದ್ದು ಕೊನೆಯ ಹೋಲ್ ಒಂದೇ. ಒಂದು ಹೊಡೆತ ಹೆಚ್ಚಾದರೆ ಅವನು ಹೊರಗೆ, ಗಂಡ ನಾಳೆ ಬೆಳಿಗ್ಗೆ ಇಲ್ಲಿ. ತಪ್ಪಲಿ, ಇದೊಂದು ತಪ್ಪಲಿ ಎಂದು ಅವಳ ಮನಸ್ಸು ಬೇಡುತ್ತಲೇ ಇತ್ತು.

"ಏನಮ್ಮಾ, ಎರಡು ಸಲ ಮೇಲೇ ಹಾಕಿದ್ದೀಯಲ್ಲ" ಎಂದ ದನಿ ಕೇಳಿ ಬೆಚ್ಚಿದಳು.

ಕೋಣೆಯ ಹಿರಿಯನನ್ನು ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಅವನ ಬೆರಳಿದ್ದ ಕಡೆ ನೋಡಿದಳು. ನಡುವಿನ ಅಡ್ಡ ತಂತಿಯೊಂದು ಹೆಣಿಗೆ ತಪ್ಪಿತ್ತು. ಕೆಲಸಕ್ಕೆ ಸೇರಿದ ಹದಿನಾಲ್ಕು ವರ್ಷದಲ್ಲಿ ಹೀಗಾಗಿರಲಿಲ್ಲ. ಅವಳು ಕಿವಿಯವರೆಗೆ ಕೆಂಪಾಗಿ, ತಂತಿಯನ್ನೆಲ್ಲ ಕತ್ತರಿಸಿ ಮೊದಲಿನಿಂದ ಶುರು ಮಾಡಿದಳು. ಮತ್ತೆ ಫೋನ್ ನೋಡುವಷ್ಟರಲ್ಲಿ ಫಲಿತಾಂಶ ಬಂದಿತ್ತು. ಮುನಿಸಪ್ಪ ಉಳಿದುಕೊಂಡಿದ್ದ.

ಒಂದು ಗಂಟೆಯ ಮೇಲೆ ಗಂಡನ ಫೋನ್ ಬಂತು.

"ಆರಡಿ ದೂರದ ಚೆಂಡು" ಎಂದ ಅವನು. "ನೆಲ ಯಾವ ಕಡೆ ವಾಲಿದೆ ಅಂತ ನನ್ನನ್ನೇ ಕೇಳಿದ. ನನಗೆ ಚೆನ್ನಾಗಿ ಕಾಣ್ತಿತ್ತು, ಎಡಕ್ಕೆ ಅಂತ. ಆದರೂ ಬಲಕ್ಕೆ ಅನ್ನೋ ಮಾತು ತುದಿ ನಾಲಿಗೆಗೆ ಬಂದುಬಿಡ್ತು ಕಣೇ."

"ಹಾಗೇ ಅಂದ್ರಾ?"

"ಇಲ್ಲ. ಎಡಕ್ಕೆ ಅಂತಾನೇ ಹೇಳ್ದೆ."

ಅವಳು ಉಸಿರು ಬಿಟ್ಟಳು. "ಒಳ್ಳೇದೇ ಮಾಡಿದ್ರಿ. ನಾನಿಲ್ಲಿ ಅವನು ಸೋಲಲಿ ಅಂತ ಬೇಡ್ಕೊಂಡು ಒಂದು ರಾಕೆಟ್ ಹಾಳು ಮಾಡ್ದೆ."

"ಮುಂದೆ ಯಾವಾಗ ಸಿಗ್ತೀವಿ?"

"ಐದು ವಾರ ಆದ್ಮೇಲೆ. ನೀವಿರೋ ಊರಿನ ಏರ್‌ಪೋರ್ಟಲ್ಲಿ ನನಗೆ ಮೂರು ಗಂಟೆ ಸಿಗತ್ತೆ."

ಶನಿವಾರ ಕೆಲಸ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಭಾನುವಾರ ಉಳಿದಿರುವುದು ಪುರುಷರ ಫೈನಲ್ ಒಂದೇ, ಇಬ್ಬರಿಗೆ ಇಬ್ಬರು ಹೆಣೆಯುವವರು ಸಾಕು. "ನಾಳೆ ನೀನು ಬರೋದು ಬೇಡ" ಎಂದ.

"ಆ ಒಂದು ತಪ್ಪಿಗಾ?"

"ಹುಚ್ಚಿ. ಬೆಳಿಗ್ಗೆ ಆರಕ್ಕೆ ರೈಲಿದೆ. ಹೋಗಿ ಗಂಡನ ಮುಖ ನೋಡ್ಕೊಂಡು ಬಾ. ಇಲ್ಲದಿದ್ರೆ ಇನ್ನೂ ನಾಲ್ಕು ರಾಕೆಟ್ ಕೆಡಿಸ್ತೀಯ."

ಗಂಡನಿಗೆ ಅವಳು ತಿಳಿಸಲಿಲ್ಲ. ಆಟದ ಮೈದಾನದಲ್ಲಿ ಅವನ ಫೋನ್ ಬಂದ್ ಆಗಿರುತ್ತಿತ್ತು. ಟಿಕೆಟ್ ಕೊಂಡು ಒಳಗೆ ಹೋದಾಗ ಮುನಿಸಪ್ಪ ಮೂರನೆಯ ಹೋಲ್ ಆಡುತ್ತಿದ್ದ. ಪಟ್ಟಿಯಲ್ಲಿ ಕೊನೆಯವನಾದ್ದರಿಂದ ಬೆಳಗಿನ ಮೊದಲ ಸರದಿ ಅವನದು. ಹಿಂದೆ ನಡೆಯಲು ಜನವೂ ಇರಲಿಲ್ಲ. ದಾರಿ ತಪ್ಪಿ ಬಂದವರಂತಿದ್ದ ಮುದುಕ ಮುದುಕಿ, ಆಮೇಲೆ ಇವಳು. ಆಟಗಾರರ ದಾರಿಗೂ ನೋಡುವವರ ದಾರಿಗೂ ನಡುವೆ ಸೊಂಟದೆತ್ತರಕ್ಕೆ ಹಗ್ಗ ಬಿಗಿದಿದ್ದರು.

ಅವನು ಮರಳಿನ ಗುಂಡಿಯನ್ನು ಕುಂಟೆಯಿಂದ ಸಮ ಮಾಡುತ್ತ ಬೆನ್ನು ಹಾಕಿ ನಿಂತಿದ್ದ. ಇಷ್ಟು ದಿನ ಫೋನಿನಲ್ಲಿ ಅಂಗೈಯಗಲ ಮುಖವನ್ನಷ್ಟೇ ಕಂಡಿದ್ದಳು. ಈಗ ಇಡೀ ಮನುಷ್ಯ ಕಂಡ. ತೆಳ್ಳಗಾಗಿದ್ದ. ಚೀಲ ಹೊತ್ತ ಭುಜ ಇನ್ನೊಂದಕ್ಕಿಂತ ಇಳಿದಿತ್ತು. ಕುಂಟೆ ಇಟ್ಟು ತಿರುಗಿದವನು ಇವಳನ್ನು ದಾಟಿ ನೋಡಿ, ಮತ್ತೆ ನೋಡಿ, ಹಾಗೇ ನಿಂತುಬಿಟ್ಟ. ಭುಜದಿಂದ ಚೀಲ ಜಾರಿ ಒಳಗಿನ ಗಾಲ್ಫ್ ಕೋಲುಗಳೆಲ್ಲ ಗಲಗಲ ಎಂದವು. ಮುನಿಸಪ್ಪ ತಿರುಗಿ ಹುಬ್ಬು ಗಂಟಿಕ್ಕಿದ. ಗಂಡ ಚೀಲ ಎತ್ತಿಕೊಂಡು ಓಡಿದ.

ಆಟ ನಡೆಯುವಾಗ ಕ್ಯಾಡಿ ಹಗ್ಗದ ಆಚೆಯವರ ಜೊತೆ ಹರಟುವಂತಿಲ್ಲ. ಅವರು ಹರಟಲಿಲ್ಲ. ಒಂದು ಹೋಲಿನಿಂದ ಇನ್ನೊಂದಕ್ಕೆ ನಡೆಯುವಾಗ ಅವನು ಹಗ್ಗದ ಬದಿಗೇ ಬಂದು ನಡೆಯುತ್ತಿದ್ದ, ಇವಳು ಈಚೆ ಬದಿ. ಎರಡು ಮೊಳದ ಅಂತರ. ಒಮ್ಮೆ ಅವನು ನೆಲ ನೋಡುತ್ತಲೇ "ತಿಂದ್ಯಾ?" ಎಂದ. "ಹೂಂ" ಎಂದಳು. ಇನ್ನೊಮ್ಮೆ, ತಂತಿ ಕೊಯ್ದದ್ದಕ್ಕೆ ಅವಳು ಬೆರಳಿಗೆ ಸುತ್ತಿಕೊಂಡಿದ್ದ ಪಟ್ಟಿಯನ್ನು ಕಣ್ಣಲ್ಲೇ ತೋರಿಸಿ ಏನದು ಎಂಬಂತೆ ಗಲ್ಲ ಎತ್ತಿದ. ಅವಳು ಏನಿಲ್ಲ ಎಂದು ತಲೆಯಾಡಿಸಿದಳು. ಹನ್ನೊಂದು ವರ್ಷದಲ್ಲಿ ಒಟ್ಟಿಗೆ ಇಷ್ಟು ದೂರ ನಡೆದದ್ದು ಅವಳಿಗೆ ನೆನಪಿರಲಿಲ್ಲ. ಕೈ ಚಾಚಿದರೆ ಸಿಗುವ ತೋಳು, ಚಾಚುವಂತಿಲ್ಲ, ಅಷ್ಟೇ.

ಹನ್ನೊಂದನೆಯ ಹೋಲಿನ ಬಳಿ ಇಳಿಜಾರಿತ್ತು. ಅಲ್ಲಿ ಅವನು ಅಡ್ಡಡ್ಡವಾಗಿ, ಎಡಗಾಲನ್ನು ಮಡಿಸದೆ, ಒಂದೊಂದೇ ಹೆಜ್ಜೆ ಇಳಿಯುವುದನ್ನು ಕಂಡಳು. ದಿನಾ ಫೋನಿನಲ್ಲಿ ಗುಂಡುಕಲ್ಲಿನ ಹಾಗಿದ್ದೀನಿ ಎನ್ನುತ್ತಿದ್ದವನು ಇವನೇ.

ಅವಳೊಬ್ಬಳೇ ಅಲ್ಲ, ಮುನಿಸಪ್ಪನೂ ಇಳಿಜಾರಿನ ಕೆಳಗೆ ನಿಂತು ನೋಡುತ್ತಿದ್ದ. ಮುಂದಿನ ಹೋಲಿನಲ್ಲಿ, ಹಗ್ಗದ ಹತ್ತಿರವೇ, ಅವನು ಗಂಡನನ್ನು ಕೇಳಿದ್ದು ಅವಳಿಗೂ ಕೇಳಿಸಿತು.

"ಯಾರು ಅವರು?"

"ನನ್ನ ಹೆಂಡ್ತಿ ಸಾರ್."

"ನೋಡಿ ಎಷ್ಟು ದಿನ ಆಗಿತ್ತು?"

"ಎಪ್ಪತ್ತಾರು ದಿನ."

ಮುನಿಸಪ್ಪ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. "ಮೊನ್ನೆ ಆ ಚೆಂಡು ತಪ್ಪಿದ್ರೆ ನಿನ್ನೆ ಬೆಳಿಗ್ಗೇನೇ ಇವರನ್ನ ನೋಡೋಕೆ ಹೋಗಿರ್ತಿದ್ದೆ."

"ಹೌದು ಸಾರ್."

"ಆದ್ರೂ ಎಡಕ್ಕೆ ಅಂದೆ."

"ಎಡಕ್ಕೇ ಇತ್ತಲ್ಲ ಸಾರ್."

ಮುನಿಸಪ್ಪ ಉಳಿದ ಆರು ಹೋಲಿನಲ್ಲೂ ಕೋಲನ್ನು ತಾನೇ ಚೀಲದಿಂದ ತೆಗೆದು, ತಾನೇ ಒರೆಸಿ ಇಟ್ಟ.

ಮಧ್ಯಾಹ್ನ ಆಟ ಮುಗಿದ ಮೇಲೆ ಕ್ಯಾಡಿಗಳ ಶೆಡ್ಡಿನ ಹಿಂದಿನ ಬೆಂಚಿನಲ್ಲಿ ಇಬ್ಬರೂ ಕೂತರು.

"ಮೊಣಕಾಲು ಯಾವಾಗಿಂದ?" ಎಂದಳು.

"ಯಾವ ಮೊಣಕಾಲು?"

"ರೀ."

"ಎರಡು ತಿಂಗಳಾಯ್ತು. ಹೇಳಿದ್ರೆ ನೀನು ಅಲ್ಲಿ ಕೂತು ಏನು ಮಾಡ್ತಿದ್ದೆ?"

ಉತ್ತರ ಕೊಡುವಷ್ಟರಲ್ಲಿ ಮುನಿಸಪ್ಪನೇ ಬಂದ. ಕೂರಲಿಲ್ಲ. "ಮುಂದಿನ ಮೂರು ವಾರ ಬೇರೆಯವರನ್ನ ಕರ್ಕೋತೀನಿ. ನೀನು ಮನೆಗೆ ಹೋಗಿ ಕಾಲು ತೋರಿಸ್ಕೋ."

ಗಂಡ ಬೆಂಚಿನಿಂದ ಎದ್ದು ನಿಂತ. ಒಂದು ಸಲ ಬೇರೆಯವನ ಹೆಗಲಿಗೆ ಹೋದ ಚೀಲ ತಿರುಗಿ ಬಾರದಿರುವುದನ್ನು ಅವನು ಎಷ್ಟೋ ಸಲ ಕಂಡಿದ್ದ. "ಸಾರ್, ನಾನು ಹೊರಬಲ್ಲೆ."

"ಹೊರೋದಕ್ಕೆ ಯಾರು ಬೇಕಾದ್ರೂ ಸಿಗ್ತಾರೆ" ಎಂದ ಮುನಿಸಪ್ಪ. "ನಾಲ್ಕನೇ ವಾರ ನೀನು ಬರಬೇಕು." ಅವಳತ್ತ ಒಮ್ಮೆ ತಲೆ ಬಾಗಿಸಿ, ಅದೇ ಗಂಟುಮುಖದಲ್ಲಿ ಹೊರಟುಹೋದ.

ಮೂರು ವಾರ ಮನೆ. ಆ ಮಾತನ್ನು ಇಬ್ಬರೂ ಬಾಯಲ್ಲಿ ಆಡಿಸಿಕೊಂಡರು. ಆಮೇಲೆ ಅವಳೇ ನಕ್ಕಳು. ಅವಳ ವಿಮಾನ ನಾಳೆ ಬೆಳಿಗ್ಗೆ, ಮುಂದಿನ ಟೆನಿಸ್ ಊರಿಗೆ. ಅವನು ಅಮ್ಮನ ಕೈಯ ಊಟ ಉಂಡು, ತಮ್ಮಿಬ್ಬರ ಕೋಣೆಯಲ್ಲಿ ಮಲಗುವ ಅಷ್ಟೂ ದಿನ ಅವಳು ಇನ್ನೊಂದು ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತಿರುತ್ತಾಳೆ.

"ರಜೆ ಹಾಕೋಕಾಗಲ್ವಾ?" ಎಂದ.

"ಈಗ ಆಗಲ್ಲ. ಮುಂದಿನ ಊರಿಗೂ ಬರ್ತೀನಿ ಅಂತ ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೀನಿ." ತಡೆದು ಹೇಳಿದಳು, "ಹೋಗಿ ಡಾಕ್ಟರ್ ಏನಂದ್ರು ಅಂತ ಅವತ್ತೇ ಹೇಳ್ಬೇಕು. ಗುಂಡುಕಲ್ಲಿನ ಕತೆ ಬೇಡ."

"ಆಯ್ತು."

ಅವನು ಸಂಜೆಯ ವಿಮಾನ ಬಿಟ್ಟು ಅವಳ ಜೊತೆ ರೈಲು ಹತ್ತಿದ. ಪಕ್ಕಪಕ್ಕದ ಸೀಟು. ಎರಡು ಗಂಟೆ ಪೂರ್ತಿ ಅವರದು, ಹಗ್ಗವಿಲ್ಲ, ಫೋನಿಲ್ಲ. ಅತ್ತೆಯ ಸಿಡುಕಿನಿಂದ ಹಿಡಿದು ಸೋರುವ ನಲ್ಲಿಯವರೆಗೆ ಹೇಳುವುದೆಲ್ಲವನ್ನೂ ಅವಳು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಳು. ರೈಲು ಮೊದಲ ಸೇತುವೆ ದಾಟುವಷ್ಟರಲ್ಲಿ ಅವನ ತಲೆ ಅವಳ ಭುಜಕ್ಕೆ ವಾಲಿತು. ಬಾಯಿ ಅರೆ ತೆರೆದು ಗಾಢ ನಿದ್ದೆ.

ಎಬ್ಬಿಸಲೇ ಎಂದುಕೊಂಡಳು. ಎಬ್ಬಿಸಲಿಲ್ಲ. ಅವನ ಕೂದಲಲ್ಲಿ ಹುಲ್ಲಿನ, ಬೆವರಿನ ವಾಸನೆಯಿತ್ತು. ಭುಜ ಜೋಮು ಹಿಡಿಯಿತು, ಆಮೇಲೆ ತೋಳು, ಆಮೇಲೆ ಬೆರಳು. ಟಿಕೆಟ್ ನೋಡಲು ಬಂದವನಿಗೆ ಇನ್ನೊಂದು ಕೈಯಿಂದ ಎರಡೂ ಚೀಟಿ ಚಾಚಿ, ಮೆಲ್ಲಗೆ ಎಂದು ಕಣ್ಣಲ್ಲೇ ಕೇಳಿಕೊಂಡಳು. ಹೊರಗೆ ಇಳಿಬಿಸಿಲಿನಲ್ಲಿ ಹೊಲಗಳು, ಗೋದಾಮುಗಳು, ಯಾರದೋ ಹಿತ್ತಲಲ್ಲಿ ಒಣಗಹಾಕಿದ ಬಟ್ಟೆ. ಇನ್ನೂ ಒಂದು ಸ್ಟೇಷನ್ ಹೆಚ್ಚಿಗೆ ಇದ್ದಿದ್ದರೆ ಎಂದುಕೊಳ್ಳುತ್ತಿರುವಾಗಲೇ ರೈಲು ನಿಧಾನವಾಯಿತು.