ಷಡಕ್ಷರಿಯ ಎಡಗೈ

"ಎಳೀಬ್ಯಾಡಿ ಮಾವ, ಬೆಳ್ಳು ಮುರ್ದೋಯ್ತದೆ," ಎಂದಳು ಮಗಳು ಕೋಮಲ.

ಅವಳ ಸೋದರಮಾವ ಬಸವಕುಮಾರ್ ಹೆಣದ ಎಡಗೈ ಬಿಟ್ಟು ಹಿಂದಕ್ಕೆ ಸರಿದು ಕೂತ. ಸ್ನಾನ ಮಾಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಷಡಕ್ಷರಿಯನ್ನು ನಡುಮನೆಯ ಗೋಡೆಗೆ ಒರಗಿಸಿದ್ದರು. ಬೆಳಗಿನ ಜಾವ ಉಸಿರು ನಿಂತಿದ್ದು ಗೊತ್ತಾದ ಕೂಡಲೇ ಕಾಲು ಮಡಿಸಿದ್ದಾಗಿತ್ತು. ಕೂರಿಸಿಯೇ ಮಣ್ಣು ಮಾಡುವ ಜನ ಅದನ್ನು ಮರೆಯುವುದಿಲ್ಲ. ಮರೆತದ್ದು ಕೈಯನ್ನು. ಈಗ ಹತ್ತು ಗಂಟೆ. ಎಡಗೈಯ ಬೆರಳುಗಳು ಅರ್ಧ ಮಡಿಚಿಕೊಂಡು, ಅಂಗೈ ಕೆಳಮುಖವಾಗಿ ಸೆಟೆದುಹೋಗಿತ್ತು. ಮಣ್ಣು ಮಾಡುವಾಗ ಕೊರಳಿನ ಇಷ್ಟಲಿಂಗ ಆ ಅಂಗೈಯಲ್ಲೇ ಇರಬೇಕು. ಬಸವಕುಮಾರ್ ಮೊದಲು ಲಿಂಗದ ಬದಲು ಒಂದು ಅಡಿಕೆಯಿಟ್ಟು ಎರಡು ಸಲ ನೋಡಿದ್ದ. ಎರಡು ಸಲವೂ ಅದು ಜಾರಿ ಹೆಣದ ಮಡಿಲಿಗೆ ಬಿತ್ತು.

"ಸಂಜೆಗೂ ಸಡ್ಲ ಆಗ್ದಿದ್ರೆ ಬಟ್ಟೇಲಿ ಕಟ್ಟುದ್ರಾಯ್ತು ಬುಡಿ," ಎಂದರು ಅಯ್ಯನವರು. ಊರಿನಲ್ಲಿ ಹುಟ್ಟು ಸಾವು ಎರಡಕ್ಕೂ ಬರುವವರು ಅವರೇ.

ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದ ಹೆಂಡತಿ ಶಂಕರಮ್ಮ ತಲೆ ಎತ್ತಿದಳು. ಅವಳು ಬೆಳಗಿನಿಂದ ಆಡಿದ ಮೊದಲ ಮಾತು ಅದು.

"ಕಟ್ಬ್ಯಾಡಿ ಬುದ್ಧಿ. ಆ ಕೈಗೆ ಅವ್ರು ವಾಚ್ ಸೈತ ಕಟ್ಟಿರ್ನಿಲ್ಲ."

"ಜಾರಿದ್ರೆ ಏನವ್ವ ಮಾಡದು? ಲಿಂಗ ಮಣ್ಗೆ ಬೀಳ್ಬಾರ್ದು."

"ಕಟ್ಬ್ಯಾಡಿ," ಎಂದಳು ಮತ್ತೆ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಸತ್ತವನ ಅಂಗಿ ಬಿಚ್ಚಿದಾಗ ಜೇಬಿನಲ್ಲಿ ಎರಡು ರೇಷ್ಮೆಗೂಡು ಸಿಕ್ಕಿದ್ದವು. ಹುಳು ತೆಗೆದು ಟೊಳ್ಳು ಮಾಡಿದವು, ಬೆವರಿಗೆ ಹಳದಿ ತಿರುಗಿದವು. ಬಸವಕುಮಾರ್ ಅವನ್ನು ಕಿಟಕಿಯ ಮೇಲಿಟ್ಟು, "ಯಾವಾಗ್ಲೂ ಮೂರು ಇರೋವು. ಇನ್ನೊಂದೆಲ್ಲಿ?" ಎಂದು ಕೇಳಿದ್ದ. ಹಾಸಿಗೆ ಕೊಡವಿದರೂ ಸಿಕ್ಕಿರಲಿಲ್ಲ.

ಮೂರು ಹಿತ್ತಾಳೆ ಬಟ್ಟಲು, ಮೂರು ಗೂಡು. ಈ ಬಟ್ಟಲ ಕೆಳಗೆ ಇಟ್ಟದ್ದು ಆ ಬಟ್ಟಲ ಕೆಳಗೆ ಸಿಗಬೇಕು. ಷಡಕ್ಷರಿಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ ಜಾದೂ ಆಟ. ಹಗ್ಗದ ಆಟ ಅರ್ಧಂಬರ್ಧ ಬರುತ್ತಿತ್ತು. ಇಸ್ಪೀಟು ಎಲೆ ಮುಟ್ಟಿದ್ದೇ ಇಲ್ಲ, ಎಲೆ ಅವನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

ಹೊರಗಿನಿಂದ ಶಿವಕುಮಾರಸ್ವಾಮಿ ಬಂದ. ಕೋಮಲಳ ಗಂಡ, ಯಳಂದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು.

"ಗುಳಿಲಿ ಬಂಡೆ ಸಿಕ್ತಂತೆ. ಜೆಸಿಬಿಯವ್ನು ಇನ್ನೊಂದ್ ಮೂಲೆಲಿ ತೆಗೀತೀನಿ ಅಂತಾವ್ನೆ. ಆರ್ ಗಂಟೆ ಆಯ್ತದೆ."

"ಆರಾ?" ಎಂದಳು ಕೋಮಲ.

"ಯಾಕೆ, ನಿಂಗೇನ್ ಬಸ್ ತಪ್ಪೋಯ್ತದಾ?"

ಆರು ಗಂಟೆಯ ಮೇಲೆ ಕೋಮಲಳಿಗೆ ನೆಲ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಮೈಸೂರಿನ ಕಣ್ಣಿನ ಡಾಕ್ಟರು ಅಪ್ಪನ ಕಾಯಿಲೆಯೇ ಅಂದಿದ್ದರು. ಮೊದಲು ಇರುಳು, ಆಮೇಲೆ ಅಕ್ಕಪಕ್ಕ, ಕೊನೆಗೆ ನಟ್ಟನಡುವೆ. ಆ ವಿಷಯ ತಿಳಿದಿದ್ದವನು ಒಬ್ಬನೇ, ಅವನು ಈಗ ಗೋಡೆಗೆ ಒರಗಿ ಕೂತಿದ್ದ. ಗಂಡನಿಗೆ ಹೇಳದಿರಲು ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗ ಅತ್ತೆ ಕೇಳಿದ್ದ ಒಂದೇ ಪ್ರಶ್ನೆ, "ನಿಮ್ ಯಜಮಾನ್ರ ಕಣ್ಣು ಮಕ್ಳಿಗೆ ಬರಾಕಿಲ್ವಾ?" ಇಲ್ಲ ಎಂದಿದ್ದಳು ಶಂಕರಮ್ಮ. ಕೋಮಲ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದಳು.

*

ಷಡಕ್ಷರಿ ಮಾಂಬಳ್ಳಿಯ ನೂಲು ತೆಗೆಯುವ ಮನೆಯೊಂದರಲ್ಲಿ ಗೂಡು ಆರಿಸುತ್ತಿದ್ದ. ತೆಳ್ಳನೆಯದು, ಜೋಡಿ ಹುಳುವಿನದು, ಒಳಗೇ ಕೊಳೆತದ್ದು, ಎಲ್ಲವೂ ಬೆರಳಿಗೆ ತಿಳಿಯುತ್ತಿತ್ತು. ಮದುವೆಯಾದ ವರ್ಷ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಎರಡು ರೂಪಾಯಿಗೆ ಜಾದೂ ಪುಸ್ತಕ ಕೊಂಡು ತಂದ. ಓದುವುದು ಅವನಿಂದಾಗದು. ಆರನೇ ಕ್ಲಾಸಿನವರೆಗೆ ಓದಿದ್ದ ಶಂಕರಮ್ಮ ಬಾಗಿಲ ಬಳಿ ಬೆಳಕಿಗೆ ಕೂತು ಓದಿ ಹೇಳುತ್ತಿದ್ದಳು.

"ಚಿತ್ರ ನಾಲ್ಕರಲ್ಲಿ ತೋರಿಸಿದಂತೆ ಹಿಡಿಯಿರಿ ಅಂತ ಅದೆ."

"ಎಂಗ್ ತೋರ್ಸವ್ರೆ?"

"ಎಂಗೆ ಅಂತ ಯೋಳದು? ಒಂದ್ ಕೈ ಅದೆ."

"ನೀನು ಹಂಗೇ ಹಿಡಿ. ನಾ ಮುಟ್ ನೋಡ್ತೀನಿ."

ಅವಳು ಚಿತ್ರ ನೋಡಿ ತನ್ನ ಬಲಗೈ ಬೆರಳು ಮಡಿಸಿದಳು. ಹೆಬ್ಬೆರಳ ಬುಡದ ದಿಂಡಿಗೂ ಕಿರುಬೆರಳ ಕೆಳಗಿನ ದಿಂಡಿಗೂ ನಡುವೆ ಗೂಡು ಸಿಕ್ಕಿಸಿಕೊಂಡಳು. ಎದುರಿಗೆ ಕೂತ ಗಂಡ ತನ್ನ ಎಡಗೈಯಿಂದ ಅವಳ ಕೈ ತಡವಿದ, ಅದೇ ಕೈಯಲ್ಲಿ ಹಾಗೇ ಹಿಡಿದ. ಎದುರಾಬದುರು ಕೂತವರಿಗೆ ಅವಳ ಬಲಕ್ಕೆ ಅವನ ಎಡವೇ ಹತ್ತಿರ. ಹೀಗೆ ಪುಸ್ತಕದ ಐವತ್ತೆರಡು ಚಿತ್ರ ಮುಗಿದವು. ಇಡೀ ಆಟ ಎಡಗೈಗೆ ಬಂದಿದೆ ಎಂದು ಗೊತ್ತಾದದ್ದು ಮೂರು ವರ್ಷ ಕಳೆದ ಮೇಲೆ, ಬಂಡಳ್ಳಿಯ ಒಂದು ಶಾಲೆಯಲ್ಲಿ, ಮೇಷ್ಟರೊಬ್ಬರು ನಕ್ಕಾಗ.

"ನೀನು ಉಲ್ಟಾ ಕಲ್ಸಿದ್ದೀಯ ಕಣೆ," ಎಂದ ಮನೆಗೆ ಬಂದು.

"ಮುಟ್ದವ್ರು ನೀವು. ನಾ ಸರ್ಯಾಗೇ ಹಿಡ್ದಿದ್ದೆ."

ಅಯ್ಯನವರಿಗೆ ಇದರಲ್ಲಿ ಬೇರೆಯೇ ತಕರಾರು. ಲಿಂಗ ಹಿಡಿಯುವ ಕೈಲಿ ಮೋಸದಾಟ ಆಡಬಾರದು ಎಂದರು. "ಎರಡ್ಕೂ ಅಲ್ಲಾಡ್ದಿರೋ ಕೈ ಬೇಕು ಬುದ್ಧಿ," ಎಂದನಂತೆ ಷಡಕ್ಷರಿ. ಅಯ್ಯನವರು ಆಮೇಲೆ ಆ ಮಾತು ಎತ್ತಲಿಲ್ಲ.

*

ಮಧ್ಯಾಹ್ನ ಜನ ಬಂದು ತುಂಬಿದರು. ಹೊರಗೆ ಶಾಮಿಯಾನದ ಕೆಳಗೆ ಬಸವಕುಮಾರ್ ಕತೆ ಹೇಳುತ್ತಿದ್ದ.

"ಹನೂರಲ್ಲಿ ಮದ್ವೆ. ನಮ್ ಷಡಕ್ಷರಿ ಆಟ ಕಟ್ಟವ್ನೆ. ನಡುವ್ನಲ್ಲಿ ಕರೆಂಟ್ ಓಯ್ತು. ಜನ ಹೋ ಅಂತ ಕೂಗ್ತಾವ್ರೆ. ಇವ್ನು ಅದೇನೋ ತನ್ನ ಆಟಕ್ಕೇ ಕೂಗ್ತಾವ್ರೆ ಅನ್ಕಂಡು ಜೋರಾಗ್ ಆಡ್ತಾವ್ನೆ, ಕತ್ಲೇಲಿ. ಕರೆಂಟ್ ಬಂತು. ಮೂರು ಗೂಡೂ ಒಂದೇ ಬಟ್ಲಲ್ಲಿ. 'ನೋಡುದ್ರಾ?' ಅಂತಾನೆ. ಯಾರ್ ನೋಡ್ದೋರು?"

ನಗು ಎದ್ದಿತು. ಸಾವಿನ ಮನೆ ಎಂದು ನೆನಪಾಗಿ ಕೆಲವರು ಕೆಮ್ಮಿದರು.

ಒಳಗೆ ಕೋಮಲ ಗಡಿಯಾರ ನೋಡಿದಳು. ನಾಲ್ಕೂವರೆ. ಕತ್ತಲಾದರೆ ಅವ್ವನ ಕೈ ಹಿಡಿದಿರಬೇಕು, ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಇಂಥವು ಅವಳಿಗೆ ಈಗ ರೂಢಿ. ಸಂಜೆ ಸ್ಕೂಟರ್ ಮುಟ್ಟುವುದಿಲ್ಲ, ಸೊಂಟನೋವು ಎನ್ನುತ್ತಾಳೆ. ರಾತ್ರಿ ಹಿತ್ತಲಿಗೆ ಹೋಗುವಾಗ ಹಗ್ಗದ ಮೇಲಿನ ಬಟ್ಟೆ ಮುಟ್ಟಿಕೊಂಡು ಹೋಗುತ್ತಾಳೆ.

*

ಹೋದ ದೀಪಾವಳಿಗೆ ಬಂದಾಗ ಅಪ್ಪನೊಡನೆ ಜಗಲಿಯ ಮೇಲೆ ಕೂತಿದ್ದಳು. ಅವನು ಗೂಡೊಂದನ್ನು ಅವಳ ಕೈಗಿಟ್ಟು ಬೆರಳು ಮಡಿಸಿ, "ಹಿಸುಕ್ಬ್ಯಾಡ. ಕೈ ಮರ್ತು ಬುಡು," ಎನ್ನುತ್ತಿದ್ದ. ಅವಳದು ಮೂರು ಸಲ ಬಿತ್ತು, ನಾಲ್ಕನೆಯದು ನಿಂತಿತು.

"ಅಪ್ಪ, ಆಟ ಶುರು ಮಾಡಾಗ್ಲೇ ನಂಗೆ ಕಣ್ ಕಾಣಲ್ಲ ಅಂತ ಯಾಕ್ ಯೋಳ್ಕತೀಯ? ಜನ ಪಾಪ ಅನ್ಲಿ ಅಂತಲಾ?"

"ಪಾಪ ಅಂದ್ರೆ ಚಿಲ್ರೆ ಬೀಳ್ತದೆ, ಚಪ್ಪಾಳೆ ಬೀಳಲ್ಲ. ಯೋಳ್ಬುಟ್ರೆ ಎಲ್ರೂ ನನ್ ಕಣ್ಣೇ ನೋಡ್ತಾರೆ ಕೂಸೇ. ನನ್ ಕೈ ಆರಾಮಾಗಿರ್ತದೆ."

ಗೂಡನ್ನು ಹಿಂದಕ್ಕೆ ತೆಗೆದುಕೊಂಡು ಕೇಳಿದ, "ಅಳೀಮಯ್ಯಂಗೆ ಯೋಳ್ದ್ಯಾ?"

"ಇಲ್ಲ."

"ನೀ ಬಚ್ಚಿಡದು ನನಗಿಂತ ಚೆನ್ನಾಗದೆ," ಎಂದ. "ಎರಡ್ ಕೈಲೂ ಬಚ್ಚಿಟ್ಕಂಡು ಕೂತ್ರೆ ಉಣ್ಣದು ಯಾವ್ ಕೈಲಿ?"

*

ಗುಳಿಯ ಬಳಿಗೆ ಬಂದಾಗ ಆರೂಕಾಲು. ಹಿಪ್ಪುನೇರಳೆ ತೋಟದ ಮೂಲೆ. ಕೋಮಲಳಿಗೆ ಬರೀ ಸದ್ದು: ಜಾಗಟೆ, ಮಣ್ಣು ಉದುರುವುದು, ಚಪ್ಪಲಿಗಳು. ಅವ್ವನ ಎಡತೋಳು ಹಿಡಿದು ನಿಂತಿದ್ದಳು. ಷಡಕ್ಷರಿಯನ್ನು ಇಳಿಸಿ ಕೂರಿಸಿದ್ದು ಗಂಡಸರ ಏದುಸಿರಿನಿಂದ ತಿಳಿಯಿತು.

"ಇಲ್ಲ, ನಿಲ್ತಾ ಇಲ್ಲ," ಎಂದರು ಅಯ್ಯನವರು ಕೆಳಗಿನಿಂದ. "ಬೆಳ್ಳು ಬುಡುಸ್ದಷ್ಟೂ ಜಾರ್ತದೆ. ವಸ್ತ್ರ ಕೊಡಿ, ಕಟ್ಬುಡನ."

ಅವ್ವ ಈ ಸಲ ಬೇಡ ಎನ್ನಲಿಲ್ಲ. ಅದು ಕೋಮಲಳಿಗೆ ಸಹಿಸಲಾಗಲಿಲ್ಲ.

"ಬುದ್ಧಿ, ತಡೀರಿ. ನಂಗ್ ಬತ್ತದೆ ಅದು. ನಾ ಇಳೀತೀನಿ."

"ಹೆಣ್ಮಕ್ಳು ಇಳಿಯಲ್ಲ ಕಣವ್ವ," ಎಂದಿತು ಒಂದು ದನಿ.

"ಇಳೀಲಿ ಬುಡಿ," ಎಂದರು ಅಯ್ಯನವರು. "ಲಿಂಗ ಮಣ್ಗೆ ಬೀಳದ್ಕಿಂತ ವಾಸಿ."

"ಮೂರ್ ಮೆಟ್ಲವೆ, ನೋಡ್ಕಂಡು ಇಳಿ," ಎಂದ ಗಂಡ ಪಕ್ಕದಿಂದ.

ಕೋಮಲ ಅವ್ವನ ತೋಳು ಬಿಟ್ಟಳು. ಕಾಲ ಮುಂದೆ ಏನಿದೆಯೋ ತಿಳಿಯಲಿಲ್ಲ.

"ನಂಗ್ ಕಾಣಲ್ಲ."

"ಇರು, ಮೊಬೈಲ್ ಬೆಳಕು ಬುಡ್ತೀನಿ."

"ಬುಟ್ರೂ ಕಾಣಲ್ಲ ರೀ. ಅಪ್ಪಂದೇ ನಂಗೂ ಬಂದದೆ. ಎರಡ್ ವರ್ಷ ಆಯ್ತು."

ಜಾಗಟೆ ನಿಂತಿತು. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಕೋಮಲ ಕಾದಳು. ಜನ ಅವಳ ಕಣ್ಣನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಚಪ್ಪಲಿ ಬಿಚ್ಚಿದ ಸದ್ದು, ಮಣ್ಣು ಕುಸಿದ ಸದ್ದು. ಆಮೇಲೆ ಗಂಡನ ದನಿ ಅವಳ ಮೊಣಕಾಲಿನಷ್ಟು ತಗ್ಗಿನಿಂದ ಬಂತು.

"ಕೈ ಕೊಡು. ಮೊದಲ್ನೇದು ಸ್ವಲ್ಪ ಎತ್ರ ಅದೆ." ಒಂದು ಮೆಟ್ಟಿಲು ಇಳಿದ ಮೇಲೆ ಮೆಲ್ಲಗೆ, "ಸೊಂಟ್ನೋವು ಅಂತಿದ್ದೆ," ಎಂದ.

"ಅಂತಿದ್ದೆ."

"ಮನೆಗ್ ನಡಿ, ಮಾತಾಡನ." ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದ. ಅವನಿಗೆ ಸಿಟ್ಟು ಬಂದಿತ್ತು. ಕೈ ಬಿಡಲಿಲ್ಲ.

ಅಪ್ಪನ ಎಡಗೈ ಸಿಕ್ಕಿತು. ತಣ್ಣಗಿತ್ತು, ವಿಭೂತಿಯಿಂದ ನುಣುಪಾಗಿತ್ತು. ಬೆರಳುಗಳನ್ನು ಅವಳು ಬಿಡಿಸಲು ಹೋಗಲಿಲ್ಲ. ಎಲ್ಲರೂ ಬೆಳಗಿನಿಂದ ಬಿಚ್ಚಲು ನೋಡಿದ್ದರು. ಅದು ಬಿಚ್ಚಿ ಹಿಡಿಯುವ ಕೈಯಾಗಿರಲಿಲ್ಲ. ಹೆಬ್ಬೆರಳ ಬುಡ ತಡವಿದಳು, ಕಿರುಬೆರಳ ಕೆಳಗಿನ ದಿಂಡು ತಡವಿದಳು. ನಡುವೆ ಒಂದು ಗುಂಡಿ. ನಲವತ್ತೈದು ವರ್ಷ ಗೂಡು ಕೂತು ಕೂತು ಆದ ಜಾಗ. ಅಯ್ಯನವರಿಂದ ಲಿಂಗ ತೆಗೆದುಕೊಂಡು ಹೆಬ್ಬೆರಳ ಕಡೆಯಿಂದ ಮೆಲ್ಲಗೆ ಸರಿಸಿದಳು. ಹೆಚ್ಚೂಕಡಿಮೆ ಗೂಡಿನದೇ ಗಾತ್ರ. ಅದು ಹೋಗಿ ಕೂತುಕೊಂಡಿತು. ಅವಳು ಕೈ ತೆಗೆದಳು.

"ಎಲ್ಲಿ, ಲಿಂಗವೇ ಕಾಣ್ತಿಲ್ವಲ್ಲ," ಎಂದ ಬಸವಕುಮಾರ್ ಮೇಲಿನಿಂದ. ಮೊಬೈಲ್ ಹಿಡಿದಿದ್ದವನು ಅವನೇ. "ಬರೀ ಕೈ ಅದೆ."

ಅಯ್ಯನವರು ಬಗ್ಗಿ ಅಂಗೈಯ ಕೆಳಗೆ ಬೆರಳಿಟ್ಟು ನೋಡಿದರು. ಸ್ವಲ್ಪ ಅಲುಗಿಸಿಯೂ ನೋಡಿದರು.

"ಅದೆ," ಎಂದರು. "ಭದ್ರವಾಗದೆ. ಮಣ್ಣು ಹಾಕಿ."

ಗಂಡನ ಕೈ ಹಿಡಿದು ಕೋಮಲ ಮೂರು ಮೆಟ್ಟಿಲು ಹತ್ತಿದಳು. ಮೇಲೆ ಅವ್ವನನ್ನು ಹುಡುಕಿದಳು, ಸೆರಗು ಸಿಕ್ಕಿತು, ಸೆರಗಿನೊಳಗೆ ಬಲಗೈ ಸಿಕ್ಕಿತು. ಹಿಡಿದುಕೊಳ್ಳಲು ಹೋದರೆ ಅದು ತೆರೆದುಕೊಳ್ಳಲಿಲ್ಲ. ಬೆರಳುಗಳು ಅರ್ಧ ಮಡಿಚಿದ್ದವು. ಹೆಬ್ಬೆರಳ ಬುಡದಲ್ಲಿ, ಎರಡು ದಿಂಡುಗಳ ನಡುವೆ, ಹಗುರವಾದದ್ದೇನೋ ಒರಟಾಗಿ ತಗುಲಿತು.

ಮೂರನೆಯ ಗೂಡು. ಬೆಳಗಿನಿಂದ ಅಲ್ಲೇ ಇತ್ತು. ಕೋಮಲ ಅದರ ಮೇಲೆ ತನ್ನ ಎಡಗೈ ಮುಚ್ಚಿದಳು. ಕೆಳಗೆ ಮೊದಲ ಹಿಡಿ ಮಣ್ಣು ಬಿತ್ತು.