ಬಸ್ಸಿನ ಮೇಲೆ ಕೇಳಿದ ಹೆಸರು

ನಾನು ಒಂದು ಮೋಟರ್‌ಸೈಕಲ್. ಹುಟ್ಟಿದ್ದು ಮೈಸೂರಿನಲ್ಲಿ. ಬಡಿದು, ಬೆಸೆದು, ಕಡುಗೆಂಪು ಬಣ್ಣ ಬಳಿದು ನಿಲ್ಲಿಸಿದಾಗ ಕಾರ್ಖಾನೆಯ ಕೆಲಸಗಾರನೊಬ್ಬ ನನ್ನ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದ. ನಾನು ಹತ್ತಿರದಿಂದ ಕಂಡ ಮೊದಲ ಮುಖ ಅದು. ಆಮೇಲೆ ಮುಖಗಳಿಗಿಂತ ಕಾಲುಗಳೇ ನನಗೆ ಹೆಚ್ಚು ಪರಿಚಯವಾದವು. ಮನುಷ್ಯ ಬಾಯಲ್ಲಿ ಏನೇ ಹೇಳಲಿ, ಬೆಳಿಗ್ಗೆ ಅವನು ಕಿಕ್ ಹೊಡೆಯುವ ರೀತಿಯಲ್ಲೇ ಅವನ ಮನೆಯ ಸಮಾಚಾರವೆಲ್ಲ ತಿಳಿದುಬಿಡುತ್ತದೆ.

ಲಾರಿಯಲ್ಲಿ ಬಾಗಲಕೋಟೆಗೆ ಬಂದೆ. ಮೊದಲ ಯಜಮಾನ ತವನಪ್ಪ ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್. ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕೆಂದು ಹೇಳುವವನು. ಹಾಗಾಗಿ ಹೋದಲ್ಲೆಲ್ಲ ನನ್ನ ಹ್ಯಾಂಡಲಿಗೆ ಬೆಲ್ಲದ ಗಂಟು ತೂಗುತ್ತಿತ್ತು, ಮನೆಗೆ ಬಂದ ಮೇಲೆ ಇರುವೆಗಳು ನನ್ನನ್ನು ಮುತ್ತುತ್ತಿದ್ದವು. ಅವನಿಗೆ ಜೀಪು ಬಂತು, ನಾನು ಬೇಡವಾದೆ. ಎರಡನೆಯವನು ಬ್ಯಾಂಡ್ ಕಂಪನಿಯ ಕ್ಲಾರಿಯೊನೆಟ್ ಮಾಸ್ತರ ದಾವಲಸಾಬ. ಅವನ ಕಾಲಿನಲ್ಲೂ ತಾಳವಿತ್ತು. ಮದುವೆಯ ತಿಂಗಳುಗಳಲ್ಲಿ ಊರೂರು ಸುತ್ತಿದೆವು. ಮಂಡಿ ನೋವು ಶುರುವಾದ ಮೇಲೆ ಅವನು ನನ್ನನ್ನು ಬಾದಾಮಿಯ ಹಿಟ್ಟಿನ ಗಿರಣಿಯ ಇರಸಂಗಪ್ಪನಿಗೆ ಕೊಟ್ಟ. ಕೊಡುವಾಗ ಟ್ಯಾಂಕು ಸವರಿ, ‘ಕೂಗಿದಷ್ಟೂ ಓಡತಾಳ್ರಿ ಇಕಿ’ ಎಂದ. ಇರಸಂಗಪ್ಪ ‘ಏನ?’ ಎಂದ.

ಗಿರಣಿಯ ಸದ್ದಿನಲ್ಲಿ ವಯಸ್ಸು ಕಳೆದವನು, ಅವನ ಕಿವಿ ಮಂದವಾಗಿತ್ತು. ಅವನಿಗೆ ಸರಿಯಾಗಿ ಕೇಳುತ್ತಿದ್ದುದು ಒಂದೇ ದನಿ, ಹೆಂಡತಿ ಕಸ್ತೂರಿಬಾಯಿಯದು. ಆಕೆ ಬಸ್ ಕಂಡಕ್ಟರ್. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಬಾಗೇವಾಡಿ ದಾಟಿ ವಿಜಾಪುರದವರೆಗೆ ಆಕೆಯ ಬಸ್ಸು. ಮುಂದಿನ ಬಾಗಿಲಲ್ಲಿ ನಿಂತು ಊರ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರು ಎದ್ದು ಗಂಟು ಹುಡುಕಿಕೊಳ್ಳುತ್ತಿದ್ದರಂತೆ. ಸಂಜೆ ಸ್ಟ್ಯಾಂಡಿನಿಂದ ಆಕೆಯನ್ನು ಮನೆಗೆ ಕರೆತರುವುದು ನನ್ನ ಕೆಲಸ. ದಾರಿಯುದ್ದಕ್ಕೂ ಆಕೆ ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಅಷ್ಟು ಸುಖವಾಗಿ ಸಂಸಾರ ಸಾಗಲು ಆ ದನಿ ಎಷ್ಟು ಬೇಕಿತ್ತೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಒಂದು ವರ್ಷ ಆಕೆಯ ಗಂಟಲು ಕಟ್ಟಿತು. ಕಷಾಯ, ಶುಂಠಿ, ಮಾತ್ರೆ ಎಲ್ಲ ಆಯಿತು. ಕೊನೆಗೆ ಸೊಲ್ಲಾಪುರದ ಡಾಕ್ಟರು ಗಂಟಲೊಳಗೆ ಗಂಟು ಇದೆ, ತೆಗೆಯಲೇಬೇಕು ಎಂದರು. ಜೀವಕ್ಕೆ ಭಯವಿಲ್ಲ, ಆದರೆ ದನಿ ಉಳಿಯುತ್ತದೆಂಬ ಭರವಸೆ ಕೊಡಲಾರೆ. ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡಬೇಡಿ ಎಂದರು. ಆಪರೇಶನ್ ಮಂಗಳವಾರಕ್ಕೆ ಗೊತ್ತಾಯಿತು.

ಅದರ ಹಿಂದಿನ ಭಾನುವಾರ ನಸುಕಿನಲ್ಲಿ ಇಬ್ಬರೂ ನನ್ನನ್ನು ಹೊರಗೆ ತೆಗೆದರು. ವರ್ಷಗಟ್ಟಲೆ ‘ಇಳೀರಿ, ಇಳೀರಿ’ ಎಂದು ಮಂದಿಯನ್ನು ಇಳಿಸಿದ ಕಡೆಯೆಲ್ಲ ತಾನೂ ಒಮ್ಮೆ ಇಳಿಯಬೇಕು ಎಂಬುದು ಕಸ್ತೂರಿಬಾಯಿಯ ಆಸೆ. ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ, ನೀರಿನ ಕ್ಯಾನು ನನ್ನ ಪಕ್ಕಕ್ಕೆ ತೂಗಿದವು.

ಪಟ್ಟದಕಲ್ಲಿನ ಚಹದಂಗಡಿಯ ಮುಂದೆ ಆಕೆ ಅವನ ಕಿವಿಯ ಬಳಿ ಬಾಯಿಟ್ಟು ಹೇಳಿದಳು: “ಸಂಜಿಕ ಗೋಳಗುಮ್ಮಟ ಹತ್ತೂಣು. ಅಲ್ಲಿ ಒಮ್ಮೆ ಕೂಗಿದ್ರ ಏಳು ಸಲ ಕೇಳತೈತಂತ. ನಾ ಈ ಕಡೆ ನಿಂತು ಕೂಗತೀನಿ, ನೀವು ಆ ಕಡೆ ನಿಂತು ಕೇಳ್ರಿ.”

“ಏನಂತ ಕೂಗತಿ?”

“ನಿಮ್ಮ ಹೆಸರ.”

ಇರಸಂಗಪ್ಪನ ಕೈಯಲ್ಲಿದ್ದ ಚಹ ನನ್ನ ಸೀಟಿನ ಮೇಲೆ ಚೆಲ್ಲಿತು. ಆ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಹೆಣೆದು ಒಮ್ಮೆ ಹೇಳಬೇಕು; ಅದೂ ಆಕೆಯ ನಾಚಿಕೆಯಲ್ಲಿ ಅರ್ಧ ಬಾಯಲ್ಲೇ ಉಳಿದಿತ್ತಂತೆ.

“ಮಂದಿ ಏನಂದಾರು?”

“ಮಂದಿ ತಂತಮ್ಮ ಹೆಸರು ಕೂಗೂದ್ರಾಗ ಇರತಾರ. ಇಷ್ಟು ವರ್ಷ ಊರ ಹೆಸರೆಲ್ಲಾ ಕೂಗೇನಿ. ದನಿ ಹೋಗೂಕಿಂತ ಮೊದ್ಲ ಇದೊಂದು ಕೂಗಬೇಕು.”

ಅಲ್ಲಿಂದ ಮುಂದೆ ಆಕೆ ಮಾತು ಬಿಟ್ಟಳು. ಇದ್ದಬದ್ದ ದನಿಯನ್ನೆಲ್ಲ ಸಂಜೆಗೆ ಎತ್ತಿಟ್ಟಳು. ನಿಲ್ಲಿಸಬೇಕೆಂದರೆ ಅವನ ಹೆಗಲು ತಟ್ಟುವಳು. ಐಹೊಳೆಯಲ್ಲಿ ಗುಡಿಗಳ ನಡುವೆ ಓಡಾಡಿದರು. ಅಮೀನಗಡದಲ್ಲಿ ಕರದಂಟು ಕೊಂಡರು. ಕೂಡಲಸಂಗಮದಲ್ಲಿ ಹೊಳೆಯ ನೀರು ತಲೆಗೆ ಚಿಮುಕಿಸಿಕೊಂಡು ಒದ್ದೆ ಕೂದಲಲ್ಲಿ ಬಂದರು. ಎಲ್ಲ ಕಡೆಯೂ ಅರ್ಧ ಸುತ್ತುವಷ್ಟರಲ್ಲಿ ಕಸ್ತೂರಿಬಾಯಿ ಕೈಗಡಿಯಾರ ನೋಡಿ ‘ಸಾಕು, ನಡೀರಿ’ ಎಂದು ಸನ್ನೆ ಮಾಡಿದಳಂತೆ. “ಗುಡಿ ಏನ್ ಬಸ್ಸೇನ, ಟೈಮಿಗೆ ಬಿಡಾಕ?” ಎಂದು ಇರಸಂಗಪ್ಪ ಗೊಣಗಿದ. ಇಷ್ಟೆಲ್ಲ ಹೆಸರುವಾಸಿ ಸ್ಥಳಗಳಿಗೆ ಹೋಗಿಬಂದ ನಾನು ಕಂಡದ್ದು ಚಪ್ಪಲಿ ಕಾಯುವವರನ್ನು ಮಾತ್ರ. ಆದರೆ ಬರುಬರುತ್ತಾ ಅವರಿಬ್ಬರ ಕಾಲುಗಳು ಒಂದೇ ಹೆಜ್ಜೆಯಲ್ಲಿ ನನ್ನ ಕಡೆಗೆ ಬರುತ್ತಿದ್ದುದು ನನಗೆ ಕಂಡಿತು.

ಬಾಗೇವಾಡಿ ದಾಟಿದ ಮೇಲೆ ನನ್ನ ಚೈನು ತುಂಡಾಯಿತು. ಬಿಸಿಲು ಇಳಿಯತೊಡಗಿತ್ತು. ಹತ್ತಿರದಲ್ಲಿ ಗ್ಯಾರೇಜಿಲ್ಲ, ಊರಿಲ್ಲ, ರಸ್ತೆಯ ಎರಡೂ ಕಡೆ ಹುಣಸೆಮರಗಳು ಮಾತ್ರ. ಇರಸಂಗಪ್ಪ ತುಂಡಾದ ಚೈನನ್ನು ಕೈಯಲ್ಲಿ ಹಿಡಿದು ಹೆಂಡತಿಯ ಮುಖ ನೋಡಿದ. ಗುಮ್ಮಟದ ಗೇಟು ಸಂಜೆಗೇ ಹಾಕುತ್ತಾರೆ, ಮರುದಿನ ಸೊಲ್ಲಾಪುರಕ್ಕೆ ಹೊರಡಬೇಕು. ಆಕೆ ರಸ್ತೆಯ ನಡುವೆ ಹೋಗಿ ನಿಂತು, ಬರುತ್ತಿದ್ದ ಕೆಂಪು ಬಸ್ಸಿಗೆ ಕೈ ಅಡ್ಡ ಹಿಡಿದಳು.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಹುಡುಗಿ ಶಶಿಕಲಾ, ಕೆಲಸವನ್ನು ಕಸ್ತೂರಿಬಾಯಿಯ ಕೈಯಲ್ಲೇ ಕಲಿತವಳು. “ಅಕ್ಕಾರ, ನೀವು ಇಲ್ಲಿ?” ಎಂದು ಇಳಿದುಬಂದಳು. ನನ್ನನ್ನು ನೋಡಿ, “ಮ್ಯಾಲ ಹಾಕೂಣ್ ತಗೋರಿ” ಎಂದಳು. ಆಗ ಹಳ್ಳಿ ಬಸ್ಸುಗಳ ಮೇಲೆ ಉಳ್ಳಾಗಡ್ಡಿ ಚೀಲದ ಜೊತೆ ನಮ್ಮಂಥವರೂ ಪ್ರಯಾಣ ಮಾಡುತ್ತಿದ್ದರು. ಕಸ್ತೂರಿಬಾಯಿ ನನ್ನತ್ತ ಬೆರಳು ತೋರಿಸಿ, ಅಂಗೈ ಮೇಲೆ ಚೀಟಿ ಹರಿಯುವ ಸನ್ನೆ ಮಾಡಿದಳು.

“ಇದಕ್ಕೂ ಲಗೇಜ್ ಟಿಕೆಟ್ ಹರೀಬೇಕಾ ಅಕ್ಕಾರ? ನಿಮ್ಮ ಗಾಡಿರೀ ಇದು.”

ಆಕೆ ಮತ್ತೆ ಅದೇ ಸನ್ನೆ ಮಾಡಿದಳು. ಶಶಿಕಲಾ ನಗುತ್ತಾ ಟಿಕೆಟ್ ಹರಿದಳು.

ಹಗ್ಗ ಕಟ್ಟಿ ನಾಲ್ಕು ಜನ ನನ್ನನ್ನು ಮೇಲೇರಿಸಿದರು. ಬಸ್ಸಿನ ಹಗ್ಗ ಸವೆದಿತ್ತು, ಅದಕ್ಕೇ ಇರಸಂಗಪ್ಪ ಮೇಲೆಯೇ ಕೂತು ನನ್ನ ಹ್ಯಾಂಡಲ್ ಹಿಡಿದುಕೊಂಡ. ಗಾಳಿಗೆ ಕಣ್ಣು ಉರಿಯುತ್ತವೆಂದು ಮುಂದಿನ ದಾರಿಗೆ ಬೆನ್ನು ಮಾಡಿ ಕೂತ. ನನ್ನ ದೀಪ ಮಾತ್ರ ಮುಂದಕ್ಕೆ ನೋಡುತ್ತಿತ್ತು.

ಸ್ವಲ್ಪ ದೂರದಲ್ಲಿ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ಟ್ರೇಲರ್ ತುಂಬಿ ರಸ್ತೆಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿತ್ತು. ಡ್ರೈವರ್ ಅದರ ಮೇಲೆ ಕಣ್ಣಿಟ್ಟು ಬಸ್ಸನ್ನು ಎಡಕ್ಕೆ, ಮರಗಳ ಬುಡಕ್ಕೆ ಸರಿಸಿದ. ಅಡ್ಡಕ್ಕೆ ಚಾಚಿಕೊಂಡಿದ್ದ ಹುಣಸೆಯ ದಪ್ಪ ಕೊಂಬೆಯೊಂದು ನಮ್ಮ ಎತ್ತರಕ್ಕೇ ಬರುತ್ತಿತ್ತು. ಅದು ನನಗೆ ಕಂಡಿತು. ಇರಸಂಗಪ್ಪನಿಗೆ ಕಾಣುತ್ತಿರಲಿಲ್ಲ. ಹೇಳಲು ನನಗೆ ಬಾಯಿಲ್ಲ.

ಕೆಳಗಿನ ಕಿಟಕಿಯಿಂದ ಕಸ್ತೂರಿಬಾಯಿಗೂ ಕಂಡಿತು.

“ರೀ, ಬಗ್ಗರಿ.”

ಆ ಮಾತಿಗೆ ಬಸ್ಸಿನೊಳಗಿನ ಗಂಡಸರೆಲ್ಲ ಬಗ್ಗಿದರಂತೆ. ಬಗ್ಗಬೇಕಾದವನು ಬಗ್ಗಲಿಲ್ಲ. ಆಕೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎತ್ತಿಟ್ಟುಕೊಂಡಿದ್ದ ದನಿಯನ್ನೆಲ್ಲ ಒಮ್ಮೆಲೇ ತೆಗೆದು ಕೂಗಿದಳು:

“ಇರಸಂಗಪ್ಪಾ!”

ಮೇಲಿದ್ದ ಬುಟ್ಟಿಯ ಕೋಳಿಗಳು ಸುಮ್ಮನಾದವು. ತನ್ನ ಹೆಸರು ಆ ದನಿಯಲ್ಲಿ ಕೇಳಿ ಬೆಚ್ಚಿದ ಅವನು ಎಲ್ಲಿಂದ ಬಂತೆಂದು ನೋಡಲು ನನ್ನ ಟ್ಯಾಂಕಿನ ಮೇಲೆ ಬಾಗಿದ. ಕೊಂಬೆ ಅವನ ಟೊಪ್ಪಿಗೆಯನ್ನೂ ನನ್ನ ಕನ್ನಡಿಯನ್ನೂ ಕಿತ್ತುಕೊಂಡು ಹಿಂದೆ ಹೋಯಿತು.

ಬಸ್ಸು ನಿಂತಿತು. ಅವನು ಏಣಿ ಇಳಿದ. ಆಕೆ ಎದುರು ಬಂದು ಬಾಯಿ ತೆರೆದಳು. ಸದ್ದೇ ಬರಲಿಲ್ಲ. ಗಂಟಲು ಮುಟ್ಟಿಕೊಂಡು ಮತ್ತೆ ನೋಡಿದಳು. ಬರಲಿಲ್ಲ.

“ಕೇಳ್ತು,” ಎಂದ ಇರಸಂಗಪ್ಪ. “ಛಲೋ ಕೇಳ್ತು.”

ಶಶಿಕಲಾ, “ಕಾಕಾರ ಹೆಸರು ಇವತ್ತ ಇಡೀ ಬಸ್ಸಿಗೆ ಗೊತ್ತಾತು ನೋಡ್ರಿ ಅಕ್ಕಾರ” ಎಂದಳು. ಕಸ್ತೂರಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಮೇಲಿದ್ದ ನನಗೆ ತಿಳಿಯಲಿಲ್ಲ.

ಡ್ರೈವರ್ ಬಸ್ಸನ್ನು ಗೋಳಗುಮ್ಮಟದ ಎದುರೇ ನಿಲ್ಲಿಸಿ ನನ್ನನ್ನು ಇಳಿಸಿಕೊಟ್ಟ. ಗೇಟು ಇನ್ನೂ ತೆರೆದಿತ್ತು. ಕಸ್ತೂರಿಬಾಯಿ ಬೇಡವೆಂದು ತಲೆಯಾಡಿಸಿ ನನ್ನ ಪಕ್ಕದಲ್ಲೇ ಕೂತಳು. ಕೂಗಲು ದನಿಯಿಲ್ಲದ ಮೇಲೆ ಹತ್ತಿ ಏನು ಮಾಡುವುದು? ಇರಸಂಗಪ್ಪ ಆಕೆಯ ಕೈ ಹಿಡಿದು ಎಬ್ಬಿಸಿದ.

“ನೀ ಗ್ವಾಡಿಗೆ ಕಿವಿಗೊಟ್ಟು ಕುಂದರ. ಕೂಗೂ ಪಾಳಿ ನಂದು.”

ಒಳಗೆ ಏನಾಯಿತೋ ನಾನು ಕಾಣೆ. ಅಷ್ಟು ದಪ್ಪ ಗೋಡೆಗಳಿಂದ ಹೊರಗೆ ಏನೂ ಬರುವುದಿಲ್ಲ. ಕತ್ತಲಾಗುವ ಮೊದಲು ಹೊರಬಂದರು. ಗಾಡಿ ಕಾಯುವವನು, “ಯಾರನ್ನ ಕರದ್ರಿ ಯಜಮಾನ್ರ?” ಎಂದು ಸುಮ್ಮನೆ ಕೇಳಿದ, ಮತ್ತೆ ಗಟ್ಟಿಯಾಗಿ ಕೇಳಿದ. “ಮನಿಯಾಕೀನ” ಎಂದ ಇರಸಂಗಪ್ಪ. ಅವನ ಗಂಟಲು ಬಿದ್ದುಹೋಗಿ ಕಪ್ಪೆಯ ದನಿಯಾಗಿತ್ತು. ಕಸ್ತೂರಿಬಾಯಿ ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ವಿಜಾಪುರದಲ್ಲಿ ನನಗೆ ಹೊಸ ಚೈನು ಬಿತ್ತು, ಸೊಲ್ಲಾಪುರದಲ್ಲಿ ಆಕೆಯ ಆಪರೇಶನ್ ಆಯಿತು. ಗಂಟು ಹೋಯಿತು. ತಿಂಗಳುಗಳ ಮೇಲೆ ದನಿ ಮರಳಿ ಬಂತು, ಆದರೆ ನೂಲಿನೆಳೆಯಷ್ಟು. ಇಲಾಖೆಯವರು ಆಕೆಯನ್ನು ಡಿಪೋದ ಕೆಲಸಕ್ಕೆ ಹಾಕಿದರು. ಬಾಗಿಲಲ್ಲಿ ಈಗ ಶಶಿಕಲಾ ಕೂಗುತ್ತಾಳೆ; ಚೆನ್ನಾಗಿಯೇ ಕೂಗುತ್ತಾಳಂತೆ.

ನನಗೂ ವಯಸ್ಸಾಯಿತು. ಬಿಡಿಭಾಗ ಸಿಗುವುದಿಲ್ಲ, ಎಣ್ಣೆ ಸೋರುತ್ತದೆ. ಗಿರಣಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದು, ಮೈಮೇಲೆ ಜೋಳದ ಹಿಟ್ಟು ಬೀಳಿಸಿಕೊಂಡು ನಿಂತಿರುತ್ತೇನೆ. ಗುಜರಿಯವನು ಬಂದು ಕೇಳಿಕೊಂಡು ಹೋದ. ಇರಸಂಗಪ್ಪ ಕೇಳಿಸದವನಂತೆ ಇದ್ದುಬಿಟ್ಟ. ಅದರಲ್ಲಿ ಅವನು ಜಾಣ.

ಸಂತೆಯ ದಿನ ಮಾತ್ರ ಇಬ್ಬರೂ ನನ್ನನ್ನು ಹೊರಗೆ ತೆಗೆಯುತ್ತಾರೆ. ನಡುದಾರಿಯಲ್ಲಿ ಕಸ್ತೂರಿಬಾಯಿಗೆ ಏನಾದರೂ ನೆನಪಾಗುತ್ತದೆ, ಹೆಗಲು ತಟ್ಟುತ್ತಾಳೆ. ನಾನು ಓಡುತ್ತಿದ್ದರೆ ಆ ನೂಲಿನಂಥ ದನಿ ಅವನ ಕಿವಿಗೆ ಮುಟ್ಟುವುದಿಲ್ಲ. ಅವನು ನನ್ನನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸುತ್ತಾನೆ, ತಲೆ ಹಿಂದಕ್ಕೆ ವಾಲಿಸುತ್ತಾನೆ. ಮೆಂತ್ಯೆ ಸೊಪ್ಪು ತಗೋಬೇಕು ಎಂದೋ, ಮೋಡ ಚೆಂದ ಐತಿ ನೋಡ್ರಿ ಎಂದೋ ಆಕೆ ಹೇಳುತ್ತಾಳೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಾರೆ. ಮತ್ತೆ ಕಿಕ್ ಹೊಡೆದು ನನ್ನನ್ನು ಎಬ್ಬಿಸುವುದು ಅವನ ವಯಸ್ಸಿಗೆ ಕಷ್ಟ. ಆದರೂ ಆರಿಸುತ್ತಾನೆ.

ನಾನು ಹುಟ್ಟಿದ್ದೇ ಓಡುವುದಕ್ಕೆ. ಸದ್ದೇ ನನ್ನ ಉಸಿರು ಎಂದುಕೊಂಡಿದ್ದೆ. ಈಗ ಅವರು ರಸ್ತೆಯ ಪಕ್ಕ ನಿಲ್ಲಿಸಿದಾಗ, ಬಿಸಿ ಸೈಲೆನ್ಸರ್ ಟಿಕ್ ಟಿಕ್ ಎನ್ನುವುದನ್ನೂ ತಡೆದುಕೊಳ್ಳಲು ನೋಡುತ್ತೇನೆ. ಆಕೆ ಹೇಳಿ ಮುಗಿಸಲಿ.