ದೊಡವಾಡದವರೆಗೆ

“ನಿನ್ನ ಮನಿಗೆ ಸ್ವಂತ ಗಾಡಿ ಬಂತಂದ್ರ, ಜಟ್ಟೆಪ್ಪಾ, ಮೊದಲನೇ ಸೀಟಿನ್ಯಾಗ ನಾ ಕುಂಡ್ರತೇನಿ. ಕುಂತಾಂವ ದೊಡವಾಡ ಬರೂಮಟಾ ಇಳಿಯಂಗಿಲ್ಲ.”

ನಿಜಗುಣಪ್ಪ ಈ ಮಾತು ಕೊಟ್ಟದ್ದು ತೊಂಬತ್ತೆರಡನೇ ಇಸವಿಯ ದಸರೆಯಲ್ಲಿ, ಖಂಡೇಪೂಜೆಯ ದಿನ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹೊರಗಿರುವ ಬೇವಿನ ಗಿಡದ ಕೆಳಗೆ ತನ್ನ ಹಳೆಯ ಜೀಪಿಗೆ ಕಾಯಿ ಒಡೆದು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಕೊಟ್ಟಿದ್ದ. ಕೇಳಿದ ಜಟ್ಟೆಪ್ಪ ಬಾಯ್ತುಂಬ ನಕ್ಕಿದ್ದ. ಕುಂತವನು ಇಳಿಯುವುದಿಲ್ಲ ಎಂಬ ಮಾತನ್ನು ಜಟ್ಟೆಪ್ಪನಿಗೆ ಹೇಳುವುದೆಂದರೆ ನಗುವಂಥದ್ದೇ. ಕುಂತು ಇಳಿಯುವುದೇ ಅವನ ಉದ್ಯೋಗವಾಗಿತ್ತು.

ಖಾಲಿ ಗಾಡಿಗೆ ಯಾರೂ ಹತ್ತುವುದಿಲ್ಲ. ಒಳಗೆ ನಾಲ್ಕು ತಲೆ ಕಂಡರೆ, ಇದೇನೋ ಈಗಲೇ ಬಿಡುತ್ತದೆ ಎಂದು ಐದನೆಯವನು ಓಡಿ ಬರುತ್ತಾನೆ. ಅದಕ್ಕಾಗಿ ಬೈಲಹೊಂಗಲದಿಂದ ದೊಡವಾಡಕ್ಕೆ ಹೋಗುವ ಆ ಲೈನಿನಲ್ಲಿ ಪ್ರತಿ ಗಾಡಿಗೂ ಸುಮ್ಮನೆ ಕೂಡುವ ಒಂದಿಬ್ಬರು ಇರುತ್ತಿದ್ದರು. ಅವರಿಗೆ ‘ಕುಂಡ್ರಾವರು’ ಎಂದೇ ಹೆಸರು. ಜಟ್ಟೆಪ್ಪ ಅವರಲ್ಲಿ ಮೊದಲಿಗ. ತೊಡೆಯ ಮೇಲೊಂದು ಗಂಟು, ಹೆಗಲ ಮೇಲೆ ಟವೆಲ್ಲು, ಮುಖದ ಮೇಲೆ ಮಗಳ ಮನೆಗೆ ಹೊರಟವನ ಅವಸರ. “ಇನ್ನೂ ಬಿಡವಲ್ರಲ್ಲಪಾ” ಎಂದು ಆಗಾಗ ಗೊಣಗುವುದು ಬೇರೆ. ಜೀಪು ತುಂಬಿ, ಹಿಂದಿನ ಬಾಗಿಲಿಗೆ ಜೋತುಬೀಳುವವರೂ ಬಂದ ಮೇಲೆ, ಅಯ್ಯ, ಚೀಲ ಅಂಗಡಿಯಲ್ಲಿ ಬಿಟ್ಟೆ ಎಂದು ತಲೆ ಚಚ್ಚಿಕೊಂಡು ಇಳಿದುಬಿಡುತ್ತಿದ್ದ. ವರ್ಷಾನುಗಟ್ಟಲೆ ಆ ಜೀಪಿನಲ್ಲಿ ಕುಂತರೂ ಅದರಲ್ಲಿ ಒಮ್ಮೆಯೂ ದೊಡವಾಡದ ಮುಖ ನೋಡಲಿಲ್ಲ.

ಜಟ್ಟೆಪ್ಪನ ಓಣಿಯವರು ಸ್ಟ್ಯಾಂಡಿನ ಚಹಾದಂಗಡಿಯ ಬಾಕಿನ ಮೇಲೆ ಕೂಡಲು ಇನ್ನೂ ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಅವನನ್ನು ಕರೆದು ಮುಂದಿನ ಸೀಟಿನಲ್ಲಿ ಕೂಡಿಸಿದವನು ತಾನು ಎಂಬ ಹೆಮ್ಮೆ ನಿಜಗುಣಪ್ಪನಿಗೆ ಸದಾ ಇತ್ತು. ಮನುಷ್ಯನ ಮೈ ಮನುಷ್ಯನದು, ಅವನ ದುಡಿಮೆ ಅವನದು, ನಡುವೆ ಇನ್ನೊಬ್ಬ ಯಾರು ಎಂದು ಕೇಳುತ್ತಿದ್ದ. ಕೇಳಿ ಉತ್ತರಕ್ಕೆ ಕಾಯುತ್ತಿರಲಿಲ್ಲ.

ನಿಜಗುಣಪ್ಪ ತನ್ನನ್ನು ಸ್ವಾತಂತ್ರ್ಯವಾದಿ ಎಂದು ಕರೆದುಕೊಳ್ಳುತ್ತಿದ್ದ. ಊರಿನಲ್ಲಿ ತರತರದ ವಾದಿಗಳಿದ್ದರು, ಈ ಬಗೆಯವನು ಅವನೊಬ್ಬನೇ. ಮೊದಲು ಹತ್ತಿಯ ವ್ಯಾಪಾರದಲ್ಲಿದ್ದ. ನನ್ನ ಹತ್ತಿ ನಾನು ಮಾರಲು ಇನ್ನೊಬ್ಬನ ಸಹಿ ಯಾಕೆ ಬೇಕು ಎಂದು ಜಗಳ ತೆಗೆದು ಆ ವ್ಯಾಪಾರ ಬಿಟ್ಟು, ಸರಕಾರಿ ಬಸ್ಸಿಗೆ ಮಾತ್ರ ಮೀಸಲಾಗಿದ್ದ ದೊಡವಾಡದ ದಾರಿಯಲ್ಲಿ ಬೇಕೆಂತಲೇ ಜೀಪು ಬಿಟ್ಟ. ಜೀಪಿನ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದ: ‘ನಾನು ಯಾರಿಗೂ ಅಡ್ಡ ಬರುವುದಿಲ್ಲ. ನನಗೂ ಬರಬೇಡಿ.’ ಎರಡು ಸಲ ಗಾಡಿ ಜಪ್ತಾಯಿತು, ಎರಡು ಸಲವೂ ದಂಡ ಕಟ್ಟಿ, ಬಿಡಿಸಿಕೊಂಡು ಬಂದು, ಅದೇ ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಹೆದರುವ ಮನುಷ್ಯನಲ್ಲ. ವರ್ಷಕ್ಕೊಮ್ಮೆ ಕಿತ್ತೂರಿನ ತರುಣರು ಕರೆಸಿ ಭಾಷಣ ಮಾಡಿಸುತ್ತಿದ್ದರು. ಕೋಟೆಯ ಕಡೆ ಕೈ ಮಾಡಿ, ಕಪ್ಪ ಕೇಳುವವರು ಬದಲಾಗಿದ್ದಾರೆ, ಕೇಳುವುದು ನಿಂತಿಲ್ಲ ಎಂದರೆ ಚಪ್ಪಾಳೆ ಬೀಳುತ್ತಿತ್ತು.

ಮನೆಯಲ್ಲಿ ಮಾತ್ರ ಚಪ್ಪಾಳೆ ಇರಲಿಲ್ಲ. ಮಗಳು ಗಂಗಾ ಬೆಳಗಾವಿಗೆ ಹೋಗಿ ನರ್ಸಿಂಗ್ ಕಲಿಯುತ್ತೇನೆ ಎಂದಾಗ, ಬೇಡ, ಇಲ್ಲೇ ಟೀಚರ್ ಆಗಲಿ ಎಂದು ಅವನೇ ತೀರ್ಮಾನಿಸಿದ. ಹೆಂಡತಿ ಗುರುಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: “ಕಿತ್ತೂರಾಗ ಅಷ್ಟು ಸ್ವಾತಂತ್ರ್ಯ ಹಂಚಿ ಬರ್ತೀರಿ. ಬರೂಮುಂದ ಒಂದೀಟು ಮನಿಗೂ ಕಟ್ಟಿಸ್ಕೊಂಡು ಬರಬಾರದೇನ್ರಿ?”

ಅದಕ್ಕೂ ಅವನಲ್ಲಿ ಉತ್ತರವಿತ್ತು. ಉತ್ತರವಿಲ್ಲದ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

ಕಾಲ ಸರಿದಂತೆ ಠಾಣೆಯ ಸಾಹೇಬರು ಆ ದಾರಿಯ ಗಾಡಿಗಳನ್ನು ನೋಡಿಯೂ ನೋಡದಂತೆ ಇರುವುದನ್ನು ಕಲಿತರು. ಬಸ್ಸು ಸಾಲದು, ಜನ ಹೋಗಲೇಬೇಕು. ಯಾರಾದರೂ ಎದ್ದು ದೂರು ಹೇಳಿದರೆ ಮಾತ್ರ ಅವರ ಕಣ್ಣು ತೆರೆಯುತ್ತಿತ್ತು. ಬೇವಿನ ಗಿಡದ ಕೆಳಗೆ ಗಾಡಿಗಳು ಹೆಚ್ಚಿದವು. ಮುನವಳ್ಳಿಯಿಂದ ಬಂದ ಲಗಮಣ್ಣ ಎರಡು ಹಾಕಿದ. ನಿಜಗುಣಪ್ಪನದೇ ಮೂರಾದವು, ಒಂದನ್ನು ಮಗ ಕಲ್ಮೇಶನೇ ಓಡಿಸುತ್ತಿದ್ದ. ಜಗಳವಾಗದಿರಲಿ ಎಂದು ಪಾಳಿ ಹಚ್ಚಿದರು. ಮುಂದಿನ ಗಾಡಿ ಪೂರ್ತಿ ತುಂಬಿ ಹೊರಡುವ ತನಕ ಹಿಂದಿನದು ಒಬ್ಬರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಆಮೇಲೊಂದು ಸಂಘವಾಯಿತು, ನಿಜಗುಣಪ್ಪ ಅಧ್ಯಕ್ಷನಾದ. ಹೊಸ ಗಾಡಿ ಲೈನಿಗೆ ಬರಬೇಕಾದರೆ ಇರುವ ಮಾಲಕರೆಲ್ಲ ಒಪ್ಪಬೇಕು ಎಂಬ ನೇಮ ಬಂತು. ಅಂದಿನಿಂದ ಯಾವ ಹೊಸ ಗಾಡಿಗೂ ಯಾರೂ ಒಪ್ಪಲಿಲ್ಲ. ಇದು ಸರಕಾರದ ನಿರ್ಬಂಧವಲ್ಲ, ನಾವು ನಾವೇ ಖುಷಿಯಿಂದ ಮಾಡಿಕೊಂಡ ಕರಾರು ಎಂದು ನಿಜಗುಣಪ್ಪ ಬಿಡಿಸಿ ಹೇಳುತ್ತಿದ್ದ. ಲೈನಿಗೆ ಬರಲಾಗದವರ ಖುಷಿ ಏನು ಎಂದು ಕೇಳುವವರು ಚಹಾದಂಗಡಿಯಲ್ಲಿ ಇರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಜಟ್ಟೆಪ್ಪನ ಮಗ ಸಂದೀಪ ಗಾಡಿ ತಂದ.

ಸಂದೀಪ ರಾಮದುರ್ಗದಲ್ಲಿ ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿ, ಅಲ್ಲೇ ಒಂದು ಹಳೆಯದನ್ನು ಖರೀದಿಸಿ, ಬಣ್ಣ ಬಳಿಸಿ ಊರಿಗೆ ಬಂದಿದ್ದ. ಲೈನಿಗೆ ಸೇರಿಸಿಕೊಳ್ಳಿ ಎಂದು ಕೇಳಿದ. ಯಾರೂ ಒಪ್ಪಲಿಲ್ಲ. ನಿಜಗುಣಪ್ಪ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸಂಘದ ಮಾತು ಎಂದಷ್ಟೇ ಹೇಳಿದ. ಹುಡುಗ ಗುದ್ದಾಡಲಿಲ್ಲ. ರಸ್ತೆಯ ಆಚೆ ಬದಿಗೆ, ಮುಚ್ಚಿಹೋದ ಎಣ್ಣೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಅವನದು ಪಾಳಿಯಿಲ್ಲ, ತುಂಬುವ ತನಕ ಕಾಯುವುದಿಲ್ಲ. ತಾಸಿನ ಗಂಟೆ ಹೊಡೆಯಿತೋ, ಇಬ್ಬರಿರಲಿ ಮೂವರಿರಲಿ, ಹೊರಟೇಬಿಟ್ಟ. ಸಾಲಿಯ ಮಾಸ್ತರರು, ದವಾಖಾನೆಗೆ ಬಂದ ಬಾಣಂತಿಯರು, ಬಿಸಿಲಲ್ಲಿ ಅರ್ಧ ತಾಸು ಬೆಂದು ಬೇಸತ್ತವರೆಲ್ಲ ಒಂದು ವಾರದಲ್ಲೇ ರಸ್ತೆ ದಾಟಿದರು. ಬೇವಿನ ಗಿಡದ ಕೆಳಗೆ ಕಲ್ಮೇಶ ಸ್ಟೇರಿಂಗಿನ ಮೇಲೆ ಗದ್ದವಿಟ್ಟು ಆಚೆ ನೋಡುತ್ತ ಕೂತಿರುತ್ತಿದ್ದ.

ಚಹಾದಂಗಡಿಯಲ್ಲಿ ಸಂಘ ಸೇರಿತು. ಆ ಓಣಿಯವರೆಲ್ಲ ಗಾಡಿ ಮಾಲಕರಾಗುವ ಕಾಲ ಬಂತಲ್ಲ ಎಂದು ಲಗಮಣ್ಣ ಎಲ್ಲರಿಗೂ ಕೇಳುವಂತೆ ತನ್ನಷ್ಟಕ್ಕೇ ಅಂದುಕೊಂಡ. ಆಮೇಲೆ ನೇರ ವಿಷಯಕ್ಕೆ ಬಂದ. “ನೀವು ಅಧ್ಯಕ್ಷರು. ಸಾಹೇಬರಿಗೆ ಒಂದು ಫೋನ್ ಹಚ್ರಿ. ಸಂಜಿಗೆ ಗಾಡಿ ಠಾಣೇದಾಗ ಇರತೈತಿ.”

ನಿಜಗುಣಪ್ಪ ಕಪ್ಪು ಕೆಳಗಿಟ್ಟ. ಸಾಹೇಬರ ಕೈಯಿಂದ ತನ್ನ ಗಾಡಿಯನ್ನು ಎರಡು ಸಲ ಬಿಡಿಸಿಕೊಂಡು ಬಂದವನು ಇನ್ನೊಬ್ಬನ ಗಾಡಿ ಹಿಡಿಸಲು ಅದೇ ಸಾಹೇಬರನ್ನು ಕರೆಯುವುದೇ? ತನ್ನ ಜೀವ ಇರುವ ತನಕ ಸರಕಾರವನ್ನು ಈ ಬೇವಿನ ಗಿಡದ ಕೆಳಗೆ ಕರೆಯುವುದಿಲ್ಲ ಎಂದ. ಅವನಿಗೆ ತನ್ನ ಬಗ್ಗೆ ಬಹಳ ಸಮಾಧಾನವಾಯಿತು. ಆ ಸಮಾಧಾನದಲ್ಲೇ ಒಂದು ಉಪಾಯ ಹೊಳೆಯಿತು.

“ಕೈ ಮಾಡೂದು ಬ್ಯಾಡ, ಯಾರನ್ನೂ ಕರಿಯೂದು ಬ್ಯಾಡ. ನಮ್ಮ ಕುಂಡ್ರಾವರು ಅದಾರಲ್ಲ, ಅವರನ್ನ ಅಲ್ಲಿ ಕಳಸ್ರಿ. ಖಾಲಿ ಸೀಟಿನ್ಯಾಗ ಕುಂಡ್ರಾಕ ಯಾರ ಪರವಾನಗಿ ಬೇಕು?”

ಲಗಮಣ್ಣನಿಗೆ ತಿಳಿಯಲು ಒಂದು ಗುಟುಕು ಚಹಾದಷ್ಟು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಅಧ್ಯಕ್ಷರ ಬೆನ್ನು ತಟ್ಟಿದ.

ಮರುದಿನದಿಂದ ಸಂದೀಪನ ಗಾಡಿ ಬೆಳಿಗ್ಗೆಯೇ ತುಂಬತೊಡಗಿತು. ಗಂಟು ಹಿಡಿದವರು, ಟವೆಲ್ಲಿನವರು, ಕೊಡೆಯವರು ಬಂದು ಜಾಗ ಹಿಡಿದರು. ಮಾಸ್ತರರು ಬಂದು ಇಣುಕಿ, ಸೀಟಿಲ್ಲವೆಂದು ಬೇವಿನ ಗಿಡದ ಕಡೆ ತಿರುಗಿದರು. ಗಂಟೆ ಹೊಡೆಯುವ ಹೊತ್ತಿಗೆ ಒಬ್ಬನಿಗೆ ಚೀಲ ನೆನಪಾಯಿತು, ಇನ್ನೊಬ್ಬನಿಗೆ ಹೊಟ್ಟೆ ತೊಳಸಿತು, ಮತ್ತೊಬ್ಬ ಅಲ್ಲಿ ಹೋಗುವ ತನ್ನ ಮಾವನನ್ನು ಕಂಡು ಕೂಗುತ್ತ ಇಳಿದ. ಸಂದೀಪ ಖಾಲಿ ಗಾಡಿ ಒಯ್ದ. ಹೀಗೇ ದಿನವೂ ನಡೆಯಿತು. ಗಾಡಿಯ ಬಾಡಿಗೆ ಮುಂಗಡ ಕೇಳಿದರೆ, ದಾರಿಯಲ್ಲಿ ಕೊಡುವುದು ವಾಡಿಕೆಯಲ್ಲವೇ ಎಂದರು. ಅದು ವಾಡಿಕೆಯೇ ಆಗಿತ್ತು. ಒಂದು ಬೈಗುಳವಿಲ್ಲ, ಒಂದು ಕಲ್ಲಿಲ್ಲ, ಒಂದು ದೂರಿಲ್ಲ. ಇಷ್ಟು ಶುದ್ಧವಾಗಿ ಯಾವ ಜಗಳವನ್ನೂ ಗೆದ್ದಿರಲಿಲ್ಲ ಎಂದು ನಿಜಗುಣಪ್ಪನಿಗೆ ಅನಿಸಿತು. ಈ ಸಲದ ಕಿತ್ತೂರಿನ ಭಾಷಣದಲ್ಲಿ ಇದನ್ನು ಹೆಸರು ಹೇಳದೆ ಸೇರಿಸಬೇಕು ಎಂದೂ ಯೋಚಿಸಿದ.

ಆ ವಾರದ ಕೊನೆಗೆ, ಹೊತ್ತು ಇಳಿಯುವ ಮುಂಚೆ, ಜಟ್ಟೆಪ್ಪ ಮನೆಗೆ ಬಂದ. ಕಣ್ಣು ಮಂಜಾಗಿ, ಕೂಡುವ ಕೆಲಸ ಬಿಟ್ಟು ನಾಲ್ಕೈದು ವರ್ಷವಾಗಿತ್ತು. ಗುರುಬಸವ್ವ ಚಹಾ ಕೊಟ್ಟು ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತಳು. ಜಟ್ಟೆಪ್ಪ ಸವದತ್ತಿ ಕಡೆಯ ಮಳೆ, ಹೂಲಿಯಲ್ಲಿರುವ ಬೀಗರ ಆರೋಗ್ಯ ಎಲ್ಲ ಮಾತಾಡಿದ. ಗಾಡಿಯ ಸುದ್ದಿ ತೆಗೆಯಲಿಲ್ಲ. ಮಗನಿಗೆ ಪಾಳಿ ಕೊಡಿ ಎಂದು ಗೋಗರೆಯುತ್ತಾನೆ, ಆಗ ಕರಾರಿನ ವಿಷಯ ಬಿಡಿಸಿ ಹೇಳಬೇಕು ಎಂದು ನಿಜಗುಣಪ್ಪ ತಯಾರಾಗಿ ಕುಂತಿದ್ದ. ಕಪ್ಪು ಬರಿದಾದ ಮೇಲೆ ಜಟ್ಟೆಪ್ಪ ಎದ್ದು ಟವೆಲ್ಲು ಕೊಡವಿದ.

“ಸಾವಕಾರ್ರ, ನಾನೂ ಕುಂತು ಇಳಿದಾಂವನ. ಖರೆ. ಆದ್ರ ನಾ ಕುಂತ ಗಾಡಿ ತುಂಬತಿತ್ತರಿ.”

ನಿಜಗುಣಪ್ಪ ಬಾಯಿ ತೆರೆದ. ಜಟ್ಟೆಪ್ಪ ಅವಕಾಶ ಕೊಡಲಿಲ್ಲ.

“ಖಂಡೇಪೂಜಿ ದಿನ ನೀವೊಂದು ಮಾತು ಆಡಿದ್ರಿ. ನಿಮಗ ನೆನಪೈತೇನು ಅಂತ ಕೇಳಾಕ ಬಂದಿಲ್ಲ. ನನಗ ನೆನಪೈತಿ. ಅಷ್ಟ ಹೇಳಿ ಹೋಗೂಣು ಅಂತ ಬಂದೆ.”

ಚಪ್ಪಲಿ ಮೆಟ್ಟಿ ಹೋದ. ಗುರುಬಸವ್ವ ಖಾಲಿ ಕಪ್ಪು ಎತ್ತಿಕೊಂಡಳು. “ಏನು ಮಾತು?” ಎಂದಳು. ನಿಜಗುಣಪ್ಪ ಹೇಳಿದ. ಈ ಸಲ ಅವಳು ಟೀಕೆ ಮಾಡಲಿಲ್ಲ. ನಾಳೆ ಧೋತರ ಯಾವುದು ತೆಗೆದಿಡಲಿ ಎಂದಷ್ಟೇ ಕೇಳಿದಳು.

ಬೆಳಿಗ್ಗೆ ನಿಜಗುಣಪ್ಪ ಇಸ್ತ್ರಿಯ ಧೋತರ ಉಟ್ಟು, ಬೇವಿನ ಗಿಡದ ಹತ್ತಿರ ನಿಲ್ಲದೆ, ರಸ್ತೆ ದಾಟಿ, ಸಂದೀಪನ ಗಾಡಿಯ ಮುಂದಿನ ಸೀಟಿನಲ್ಲಿ ಹೋಗಿ ಕುಂತ. ಸಂದೀಪನ ಮುಖ ಬಿಳಿಚಿತು. ಆಚೆ ಬದಿಯಲ್ಲಿ ಮಾತ್ರ ಹಬ್ಬವಾಯಿತು. ಅಧ್ಯಕ್ಷರೇ ಕೂಡಲು ಹೋದರೆಂದರೆ ಇನ್ನೇನು ಬೇಕು? ಲಗಮಣ್ಣ ತೊಡೆ ತಟ್ಟಿಕೊಂಡು ನಕ್ಕ. ಕುಂಡ್ರಾವರು ಉಮೇದಿನಿಂದ ಓಡಿ ಬಂದು ಅವನ ಹಿಂದೆ ತುಂಬಿಕೊಂಡರು. ಒಬ್ಬ ಹಿಂದಿನಿಂದ ಬಾಗಿ, ಇಳಿಯುವಾಗ ಏನು ನೆಪ ಹೇಳುತ್ತೀರಿ ಅಧ್ಯಕ್ಷರ ಎಂದು ಪಿಸುಗುಟ್ಟಿದ.

ಗಂಟೆ ಹೊಡೆಯಿತು. ಚೀಲ ಮರೆತವನು ಇಳಿದ, ಹೊಟ್ಟೆ ತೊಳಸಿದವನು ಇಳಿದ, ಮಾವನನ್ನು ಕಂಡವನು ಇಳಿದ. ಹಿಂದಿನ ಬಾಕುಗಳು ಬರಿದಾದವು. ಎಲ್ಲರೂ ಈಗ ಮುಂದಿನ ಸೀಟನ್ನೇ ನೋಡತೊಡಗಿದರು. ಕಲ್ಮೇಶನೂ ಗದ್ದವೆತ್ತಿ ನೋಡಿದ. ಇಂದು ಇಳಿಯದಿದ್ದರೆ ನಾಳೆ ಈ ಗಾಡಿ ನಿಜವಾಗಿ ಹೋಗುವ ಮಂದಿಯಿಂದ ಮತ್ತೆ ತುಂಬುತ್ತದೆ, ಬೇವಿನ ಗಿಡದ ಪಾಳಿ ಮುರಿಯುತ್ತದೆ, ಅಧ್ಯಕ್ಷಗಿರಿ ಹೋಗುತ್ತದೆ, ತನ್ನದೇ ಮೂರು ಗಾಡಿ ಬಿಸಿಲಲ್ಲಿ ನಿಲ್ಲುತ್ತವೆ. ನಿಜಗುಣಪ್ಪನಿಗೆ ಎಲ್ಲವೂ ಸ್ಪಷ್ಟವಿತ್ತು. ಕೊಟ್ಟ ಮಾತು ಒಬ್ಬನದು, ಕರಾರು ಹಲವರದು ಎಂಬ ಒಳ್ಳೆಯ ವಾದವೊಂದು ಸಹ ಸಿಕ್ಕಿತು. ಅವನ ಬಲಗಾಲು ತಾನೇ ತಾನಾಗಿ ಬಾಗಿಲಾಚೆ ಹೋಗಿ ಗಾಳಿಯಲ್ಲಿ ನಿಂತಿತ್ತು. ಆ ಕಾಲನ್ನು ಅವನು ಸ್ವಲ್ಪ ಹೊತ್ತು ನೋಡಿದ, ಬೇರೆ ಯಾರದೋ ಎಂಬಂತೆ. ಒಳಗೆ ಎಳೆದುಕೊಂಡು ಬಾಗಿಲು ಜಗ್ಗಿದ.

“ಎಲ್ಲಿಗ್ರಿ, ಕಾಕಾರ?” ಎಂದ ಸಂದೀಪ.

“ದೊಡವಾಡ. ಬಿಡು, ಗಂಟಿ ಆತು.”

ಆಚೆ ನಗು ನಿಂತಿತು. ಗಾಡಿ ಕದಲುವಷ್ಟರಲ್ಲಿ ಇಬ್ಬರು ಮಾಸ್ತರರು ಕೈ ಬೀಸುತ್ತ ಓಡಿ ಬಂದು ಹತ್ತಿದರು, ಅವರ ಹಿಂದೆ ಕೂಸನ್ನು ಎತ್ತಿಕೊಂಡ ಒಬ್ಬ ಹೆಣ್ಣುಮಗಳು. ಲಗಮಣ್ಣ ರಸ್ತೆಯ ನಡುವೆ ಬಂದು ಏನೋ ಕೂಗಿದ, ಕೇಳಿಸಲಿಲ್ಲ. ಊರು ದಾಟಿ, ಎರೆಹೊಲಗಳ ನಡುವೆ ಗಾಳಿ ಮುಖಕ್ಕೆ ಹೊಡೆಯತೊಡಗಿದ ಮೇಲೆ ನಿಜಗುಣಪ್ಪ ಸಂದೀಪನಿಗೆ ಗಾಡಿಯ ಬ್ರೇಕು, ಟೈರು, ಬೆನ್ನಿಗೆ ಏನು ಬರೆಸಬೇಕು ಎಂಬುದನ್ನೆಲ್ಲ ಹೇಳಿಕೊಡಲು ಶುರು ಮಾಡಿದ. ಹುಡುಗ ಹೂಂಗುಟ್ಟಿದ. ಬೆನ್ನಿಗೆ ಏನನ್ನೂ ಬರೆಸುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದನೇನೋ.

ದೊಡವಾಡ ಬಂತು. ಎಲ್ಲರ ಜೊತೆಗೆ ನಿಜಗುಣಪ್ಪನೂ ಇಳಿದ. ಅಲ್ಲಿಯವರೆಗೆ ಇಳಿದಿರಲಿಲ್ಲ. ಜಟ್ಟೆಪ್ಪನಿಗೆ ಕೊಟ್ಟ ಮಾತು ನಡೆಯಿತು.